ಕಟಕಟೆಯಲ್ಲಿ ಯಾರು ಬಾಯಿಬಿಡುತ್ತಾರೆ?

ಚುನಾವಣೆ ಹತ್ತಿರವಾದಾಗ ಪಕ್ಷಗಳ ನಾಯಕರು ಕುರುಡುಮಲೆಯ ವಿನಾಯಕನಿಗೆ ಕೈಮುಗಿದು ಯಾತ್ರೆ ಹೊರಡುವುದು ದೊಡ್ಡ ಸುದ್ದಿ. ಅದೇ ದಾರಿಯಲ್ಲಿ ವರ್ಷವಿಡೀ ಕೋಲಾರ ಜಿಲ್ಲೆಯ ಮುಳಬಾಗಿಲಿನ ಕೋರ್ಟಿಗೆ ಹೋಗಿಬರುವ ರೈತರು ಸುದ್ದಿಯಾಗುವುದಿಲ್ಲ. ಪಹಣಿ, ಹಳೆಯ ಕ್ರಯಪತ್ರದ ಜೆರಾಕ್ಸು, ವಕೀಲರ ಚೀಟಿ ಎಲ್ಲವನ್ನೂ ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ಹೆಸರು ಕೂಗುವವರೆಗೂ ಕಾಯುತ್ತಾರೆ. ಕೂಗಿದ ಎರಡು ನಿಮಿಷಕ್ಕೆ ಮುಂದಿನ ವಾಯಿದೆ. ರಾತ್ರಿ ಮನೆಯಲ್ಲಿ ಟೀವಿ ಹಾಕಿದರೆ ಕಾಣುವುದು ಬೇರೆಯದೇ ಕೋರ್ಟು. ಅಲ್ಲಿ ವಕೀಲ ಮೂರು ಪ್ರಶ್ನೆ ಕೇಳುತ್ತಾನೆ, ನಾಲ್ಕನೆಯದಕ್ಕೆ ಸುಳ್ಳು ಹೇಳುವವನ ಹಣೆಯಲ್ಲಿ ಬೆವರು ಮೂಡುತ್ತದೆ.

ಕನ್ನಡಿಗರ ಪಾಲಿಗೆ ಆ ವಕೀಲನ ಹೆಸರು ಸಿಎಸ್‌ಪಿ. ಟಿ.ಎನ್. ಸೀತಾರಾಮ್ ತಾವೇ ನಿರ್ದೇಶಿಸಿ, ತಾವೇ ಕರಿಕೋಟು ತೊಟ್ಟು ನಿಂತ ಪಾತ್ರ. ಈಟಿವಿ ಕನ್ನಡದ ‘ಮುಕ್ತ’ದ ಕೋರ್ಟ್ ದೃಶ್ಯಗಳ ದಿನ ಎಷ್ಟೋ ಮನೆಗಳಲ್ಲಿ ಊಟ ತಡವಾಗುತ್ತಿತ್ತು. ದನಿ ಎತ್ತರಿಸದ ವಕೀಲ, ಕಾಗದ ಮಡಚುತ್ತಾ ಕೇಳುವ ಪಾಟೀಸವಾಲು, ಕೊನೆಗೆ ತಾನಾಗಿ ಕಳಚಿಬೀಳುವ ಸುಳ್ಳು. ಕೋರ್ಟು ಎಂದರೆ ಮೇಜು ಕುಟ್ಟುವ ಜಾಗ ಎಂದು ಸಿನಿಮಾ ಕಲಿಸಿತ್ತು, ಸೀತಾರಾಮ್ ಅದನ್ನು ಯೋಚನೆ ಮಾಡುವ ಜಾಗವಾಗಿಸಿದರು. ಕನ್ನಡ ಟೀವಿಗೆ ಅದು ಸಣ್ಣ ಕೊಡುಗೆಯಲ್ಲ.

ಅಮೆರಿಕದವರಿಗೆ ಇಂಥ ವಕೀಲ ಪೆರಿ ಮೇಸನ್. ಸ್ವತಃ ವಕೀಲರಾಗಿದ್ದ ಅರ್ಲ್ ಸ್ಟ್ಯಾನ್ಲಿ ಗಾರ್ಡ್ನರ್ 1933ರಲ್ಲಿ ಕಾದಂಬರಿಗೆ ತಂದ ಪಾತ್ರವದು. 1957ರಿಂದ 1966ರವರೆಗೆ ಸಿಬಿಎಸ್ ವಾಹಿನಿಯ 271 ಕಂತುಗಳಲ್ಲಿ ರೇಮಂಡ್ ಬರ್ ಆ ಪಾತ್ರ ಮಾಡಿದರು. ಹೆಚ್ಚುಕಡಿಮೆ ಪ್ರತಿ ಕಂತಿನ ಕೊನೆಯಲ್ಲೂ ನಿಜವಾದ ಕೊಲೆಗಾರ ಕೋರ್ಟಿನಲ್ಲೇ ಬಾಯಿಬಿಡುತ್ತಿದ್ದ. ಕಕ್ಷಿದಾರ ನಿರಪರಾಧಿ ಎಂಬುದು ನೋಡುಗರಿಗೆ ಮೊದಲೇ ಗೊತ್ತು. ಅದು ಹೇಗೆ ಸಾಬೀತಾಗುತ್ತದೆ ಎಂದು ನೋಡುವುದೇ ಸುಖ.

2020ರ ಜೂನ್‌ನಲ್ಲಿ ಎಚ್‌ಬಿಒ ಅದೇ ಹೆಸರನ್ನು ಹೊಸದಾಗಿ ಕಟ್ಟಿ ತಂದಿತು. ಮ್ಯಾಥ್ಯೂ ರೀಸ್ ಮಾಡಿದ ಈ ಮೇಸನ್ ಕಥೆಯ ಆರಂಭದಲ್ಲಿ ವಕೀಲನೇ ಅಲ್ಲ. ಮಹಾಯುದ್ಧದಿಂದ ಮನಸ್ಸು ಮುರಿದುಕೊಂಡು ಬಂದ, ಕ್ಷೌರ ಕಾಣದ, ಸಾಲದಲ್ಲಿ ಮುಳುಗಿದ ಖಾಸಗಿ ಪತ್ತೇದಾರ. ಆರ್ಥಿಕ ಕುಸಿತದ ಕಾಲದ ಲಾಸ್ ಏಂಜಲೀಸ್, ಲಂಚ ತಿನ್ನುವ ಪೊಲೀಸರು, ಮೊದಲ ಕಂತಿನಲ್ಲೇ ಕಣ್ಣುರೆಪ್ಪೆ ಹೊಲಿದಿಟ್ಟ ಸತ್ತ ಹಸುಗೂಸು. ಹಳೆಯ ಅಭಿಮಾನಿಗಳಿಗೆ ಸಿಟ್ಟು ಬಂತು. ಇವನು ನಮ್ಮ ಮೇಸನ್ ಅಲ್ಲ, ಹೆಸರನ್ನಷ್ಟೇ ಎರವಲು ತಂದಿದ್ದಾರೆ ಎಂದರು. ಪರದೆಯ ಮೇಲಿನ ಕತ್ತಲಿಗೆ ಕಣ್ಣು ನೋವು ಎಂದವರೂ ಇದ್ದರು. ಮೆಚ್ಚಿದವರು ನಟನೆಯನ್ನೂ ಆ ಕಾಲದ ಚಿತ್ರಣವನ್ನೂ ಕೊಂಡಾಡಿದರು. ಎರಡು ಸೀಸನ್ ಆದ ಮೇಲೆ, 2023ರಲ್ಲಿ ಸರಣಿ ನಿಂತಿತು.

ಸಿಟ್ಟಾದವರ ಮಾತಿನಲ್ಲಿ ಅರ್ಧ ನ್ಯಾಯವಿದೆ. ಮಗುವಿನ ಹೆಣವನ್ನು ಅಷ್ಟು ಹತ್ತಿರದಿಂದ ತೋರಿಸಿದ್ದರಿಂದ ಕಥೆಗೆ ಆದ ಲಾಭವೇನೂ ಇಲ್ಲ. ನೋಡುಗರನ್ನು ಬೆಚ್ಚಿಬೀಳಿಸಿ ಕೂರಿಸುವ ಅಂಥ ಚಾಳಿ ಈಗ ಒಟಿಟಿಯ ಎಲ್ಲ ಭಾಷೆಗಳಲ್ಲೂ ಇದೆ, ಕನ್ನಡವೂ ಹೊರತಲ್ಲ.

ಆದರೆ ಮೊದಲ ಸೀಸನ್ನಿನ ಕೊನೆಯ ಕಂತು ಬೇರೆ ತೂಕದ್ದು. ಮೇಸನ್ ಭ್ರಷ್ಟ ಪೊಲೀಸ್ ಅಧಿಕಾರಿಯನ್ನು ಕಟಕಟೆಗೆ ಕರೆದು ಪ್ರಶ್ನೆಯ ಮೇಲೆ ಪ್ರಶ್ನೆ ಹಾಕುತ್ತಾನೆ, ಅವನು ಕುಸಿಯುತ್ತಾನೆ. ಹಳೆಯ ಮೇಸನ್ ಕೊನೆಗೂ ಬಂದ ಎಂದು ಅಭಿಮಾನಿ ಹಿಗ್ಗುವ ಹೊತ್ತಿಗೆ, ಅದು ಬರೀ ತಾಲೀಮು ಎಂದು ತಿಳಿಯುತ್ತದೆ. ಕಟಕಟೆಯಲ್ಲಿ ನಿಂತು ಯಾರೂ ತಪ್ಪೊಪ್ಪಿಕೊಳ್ಳುವುದಿಲ್ಲ ಎಂದು ಹ್ಯಾಮಿಲ್ಟನ್ ಬರ್ಗರ್ ಅವನಿಗೆ ಬುದ್ಧಿ ಹೇಳುತ್ತಾನೆ. ಹಳೆಯ ಸರಣಿಯಲ್ಲಿ ಕಂತು ಕಂತಿಗೂ ಮೇಸನ್ ಎದುರು ಸೋಲುತ್ತಿದ್ದ ಸರ್ಕಾರಿ ವಕೀಲ ಈ ಬರ್ಗರ್. 271 ಕಂತುಗಳ ನಂಬಿಕೆಯನ್ನು ಹೊಸ ಸರಣಿ ಅವನ ಬಾಯಿಂದಲೇ ಪ್ರಶ್ನಿಸಿತು.

ಬರ್ಗರ್ ಮಾತು ಎಷ್ಟು ನಿಜ ಎಂಬುದನ್ನು ಕೋಲಾರದವರಿಗೆ ಅಮೆರಿಕದ ಸರಣಿ ಹೇಳಿಕೊಡಬೇಕಿಲ್ಲ. 2000ದ ಮಾರ್ಚ್ 11ರಂದು ಆಗಿನ ಕೋಲಾರ ಜಿಲ್ಲೆಯ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ನಾಡು ತಲ್ಲಣಿಸಿತು, ಮಂತ್ರಿಗಳು ಬಂದರು, ಮೆರವಣಿಗೆಗಳು ನಡೆದವು. ವಿಚಾರಣೆ ಶುರುವಾದ ಮೇಲೆ ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿಬಿದ್ದರು. 2006ರಲ್ಲಿ ಆರೋಪಿಗಳು ಖುಲಾಸೆಯಾದರು. 2014ರಲ್ಲಿ ಹೈಕೋರ್ಟ್ ಆ ತೀರ್ಪನ್ನೇ ಎತ್ತಿಹಿಡಿಯಿತು. ಏಳು ಜನ ಸತ್ತದ್ದು ಸತ್ಯ, ಕೊಂದವರು ಯಾರೆಂದು ಯಾವ ಕಟಕಟೆಯಲ್ಲೂ ಸಾಬೀತಾಗಲಿಲ್ಲ.

ಸಾಕ್ಷಿ ಹೇಳಬೇಕಾದವರು ಕೂಲಿಗೆ ಹೋಗುವುದು ಯಾರ ಹೊಲಕ್ಕೆ? ಸಾಕ್ಷಿ ಹೇಳಿದ ಸಂಜೆ ಅವರು ಯಾವ ಬೀದಿಯಲ್ಲಿ ನಡೆದು ಮನೆ ಸೇರಬೇಕು? ಆರು ವರ್ಷ ಎಳೆದ ಕೇಸಿನಲ್ಲಿ ಅವರ ಮನೆಬಾಗಿಲಿಗೆ ಯಾರ್ಯಾರು ಬಂದುಹೋಗಿರಬಹುದು? ಸಾಕ್ಷಿಗಳ ರಕ್ಷಣೆಗೆಂದು ದೇಶಕ್ಕೆಲ್ಲ ಅನ್ವಯಿಸುವ ಯೋಜನೆಯೊಂದಕ್ಕೆ ಸುಪ್ರೀಂ ಕೋರ್ಟ್ ಒಪ್ಪಿಗೆ ಕೊಟ್ಟದ್ದೇ 2018ರ ಡಿಸೆಂಬರ್‌ನಲ್ಲಿ. ಅಷ್ಟು ಹೊತ್ತಿಗೆ ಕಂಬಾಲಪಲ್ಲಿಯ ಕೇಸಿನಲ್ಲಿ ಹೈಕೋರ್ಟ್ ತೀರ್ಪು ಬಂದು ನಾಲ್ಕು ವರ್ಷವಾಗಿತ್ತು.

ಕೋರ್ಟ್ ಕಥೆಯನ್ನು ಕಪ್ಪಾಗಿ ಹೇಳಲು ಹೊರಟವರು ಹುಡುಕಬೇಕಾದ ಕಪ್ಪು ಇದು. ಹೊಲಿದ ಕಣ್ಣುಗಳಲ್ಲಿ, ರಕ್ತದ ಮಡುವಿನಲ್ಲಿ ಇದು ಸಿಗುವುದಿಲ್ಲ. 2021ರಲ್ಲಿ ಬಂದ ತಮಿಳಿನ ‘ಜೈ ಭೀಮ್’ ಈ ದಾರಿಯಲ್ಲಿ ಬಹುದೂರ ನಡೆಯಿತು. ಕೆ. ಚಂದ್ರು ವಕೀಲರಾಗಿದ್ದಾಗ ನಡೆಸಿದ 1993ರ ಲಾಕಪ್ ಸಾವಿನ ಪ್ರಕರಣ ಅದರ ಮೂಲ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುತ್ತ, ತಮಿಳನ್ನೂ ಅಷ್ಟಿಷ್ಟು ಬಲ್ಲ ಮುಳಬಾಗಿಲು ಸೀಮೆಯಲ್ಲಿ ಇಂಥ ಚಿತ್ರಕ್ಕೆ ನೋಡುಗರ ಕೊರತೆಯಿಲ್ಲ. 2025ರಲ್ಲಿ ಪೋಕ್ಸೊ ಕಾಯ್ದೆಯ ದುರುಪಯೋಗವನ್ನು ಕಥೆಯಾಗಿಸಿದ ತೆಲುಗಿನ ‘ಕೋರ್ಟ್’ ಕೂಡ ದೊಡ್ಡ ತಾರೆಯರಿಲ್ಲದೆ ಗೆದ್ದಿತು. ಜನರಿಗೆ ಕಹಿ ಬೇಡ ಎಂದು ವಾಹಿನಿಗಳು ತಾವಾಗಿ ತೀರ್ಮಾನಿಸುವುದು ತಪ್ಪು.

ಕನ್ನಡದಲ್ಲಿ ಹಳೆಯದನ್ನು ಮತ್ತೆ ಕಟ್ಟುವ ಪ್ರಯತ್ನ ನಡೆದಿದೆ. 1998ರಲ್ಲಿ ದೂರದರ್ಶನದಲ್ಲಿ ಬಂದ ‘ಮಾಯಾಮೃಗ’ದ ಮುಂದಿನ ಕಥೆಯನ್ನು ಸೀತಾರಾಮ್ 2022ರಲ್ಲಿ ‘ಮತ್ತೆ ಮಾಯಾಮೃಗ’ವಾಗಿ ಸಿರಿ ಕನ್ನಡಕ್ಕೆ ತಂದರು. ಅಲ್ಲಿ ಮುಂದುವರಿದದ್ದು ಕುಟುಂಬದ ಕಥೆ. ಸಿಎಸ್‌ಪಿ ಕೂಡ ಹಾಗೆ ಮರಳಿ ಬರಬೇಕು, ಗೆಲ್ಲಲಾಗದ ಒಂದು ಕೇಸನ್ನು ಎತ್ತಿಕೊಂಡು ಬರಬೇಕು. ಹಳೆಯ ಅಭಿಮಾನಿಗಳು ಮುನಿಸಿಕೊಂಡರೆ ಆ ಮುನಿಸನ್ನು ಎದುರಿಸುವಷ್ಟು ಧೈರ್ಯ ವಾಹಿನಿಗೂ ಇರಬೇಕು.

ಆ ಧಾರಾವಾಹಿಯ ಮೊದಲ ಕಂತು ಕೋರ್ಟಿನಲ್ಲಿ ಶುರುವಾಗುವುದು ಬೇಡ. ಬೆಳಗಿನ ಬಸ್ಸಿನಲ್ಲಿ ಶುರುವಾಗಲಿ. ಸಾಕ್ಷಿ ಹೇಳಲು ಹೊರಟ ಹೆಂಗಸು ಸೆರಗಿನ ತುದಿಯಲ್ಲಿ ಟಿಕೆಟ್ ಕಟ್ಟಿಕೊಂಡು ಕಿಟಕಿಯ ಪಕ್ಕ ಕೂತಿರಲಿ, ಎರಡು ಸೀಟಿನ ಹಿಂದೆ ಆರೋಪಿಯ ತಮ್ಮ.