ಹಡಗಿನ ಔತಣಕ್ಕೆ ಪಂಚೆ ಸಲ್ಲದೆ?

ಕಳೆದ ವಾರ ನಮ್ಮ ಕಚೇರಿಗೆ ತಂದೆ ಮಗನ ವ್ಯಾಜ್ಯವೊಂದು ಬಂದಿತು. ಆಸ್ತಿಯ ವ್ಯಾಜ್ಯವಾಗಿದ್ದರೆ ವಕೀಲರ ಮನೆ ತೋರಿಸಿ ಕೈತೊಳೆದುಕೊಳ್ಳುತ್ತಿದ್ದೆವು. ಇದು ಕೋಟಿನ ವ್ಯಾಜ್ಯ. ತಂದೆಯವರು ಹದಿನಾರರ ಹರೆಯದಲ್ಲಿ ಉಡುಪಿಯ ಕಡೆಯಿಂದ ಮುಂಬಯಿಗೆ ಬಂದವರು. ತಟ್ಟೆ ಎತ್ತುವ ಹುಡುಗನಾಗಿ, ಮಾಣಿಯಾಗಿ, ಕೊನೆಗೆ ಗಲ್ಲಾದಲ್ಲಿ ಕುಳಿತು ನಲ್ವತ್ತು ವರ್ಷ ದುಡಿದು ಈಗ ವಿಶ್ರಾಂತಿಯಲ್ಲಿದ್ದಾರೆ. ಮಗ ಪುಣೆಯಲ್ಲಿ ಎಂಜಿನಿಯರು. ತಾಯ್ತಂದೆಯರ ವಿವಾಹಕ್ಕೆ ನಲ್ವತ್ತು ತುಂಬಿದ ಸಂತೋಷಕ್ಕಾಗಿ ಆತನು ಬಾರ್ಸಿಲೋನಾ ಬಂದರಿನಿಂದ ಹೊರಡುವ ವಿಹಾರ ನೌಕೆಯೊಂದರಲ್ಲಿ ಏಳು ರಾತ್ರಿಗಳ ಯಾನಕ್ಕೆ ಇಡೀ ಸಂಸಾರದ ಟಿಕೇಟು ತೆಗೆದಿದ್ದಾನೆ. ಪುತ್ರಧರ್ಮವನ್ನು ಇಷ್ಟು ಧಾರಾಳವಾಗಿ ನಡೆಸುವವರು ಈ ಕಾಲದಲ್ಲಿ ಎಷ್ಟು ಮಂದಿ? ಆದರೆ ಟಿಕೇಟಿನ ಜತೆಗೆ ಬಂದ ಕಾಗದದಲ್ಲಿ, ಎರಡು ರಾತ್ರಿಗಳು ‘ಫಾರ್ಮಲ್ ನೈಟ್’, ಆ ರಾತ್ರಿ ಭೋಜನಶಾಲೆಗೆ ಔಪಚಾರಿಕ ಉಡುಪಿನಲ್ಲಿಯೇ ಬರತಕ್ಕದ್ದು ಎಂಬ ಒಕ್ಕಣೆಯಿತ್ತು. ಅಲ್ಲಿಂದ ಜಗಳ ಮೊದಲಾಯಿತು.

ಅಪ್ಪ ಕಪ್ಪು ಸೂಟು ಹೊಲಿಸಲೇಬೇಕೆಂದು ಮಗ. ಜನ್ಮದಲ್ಲಿ ಪಂಚೆಯ ಹೊರತು ಬೇರೆ ಉಟ್ಟವನಲ್ಲ, ಇನ್ನು ಮುದಿ ಪ್ರಾಯದಲ್ಲಿ ವೇಷ ಹಾಕಲಾರೆನೆಂದು ತಂದೆ. “ನಲ್ವತ್ತು ವರ್ಷ ಊಟ ಬಡಿಸಿದವ ನಾನು. ಕೋಟಿಲ್ಲದವನಿಗೆ ಎಲೆ ಇಲ್ಲವೆಂದು ಯಾರಿಗೂ ಹೇಳಿದ್ದಿಲ್ಲ ಮಾರಾಯರೇ. ಆ ಎರಡು ರಾತ್ರಿ ಕೋಣೆಯಲ್ಲೇ ಕೂತು ಅವಲಕ್ಕಿ ತಿನ್ನುತ್ತೇನೆ, ಇವರೆಲ್ಲ ಹೋಗಿ ಬರಲಿ,” ಎಂದರು ಅವರು. ತಾಯಿಯವರು ಜತೆಗೆ ಬಂದಿದ್ದರು, ಮಾತನಾಡಲಿಲ್ಲ. ತಮ್ಮ ಮೈಸೂರು ರೇಷ್ಮೆ ಸೀರೆಯನ್ನು ಅವರು ಆಗಲೇ ಪೆಟ್ಟಿಗೆಯಲ್ಲಿ ಇಟ್ಟಾಗಿತ್ತು. ಲೋಕದ ಯಾವ ಭೋಜನಶಾಲೆಯ ಬಾಗಿಲಲ್ಲಿಯೂ ಸೀರೆಯನ್ನು ತಡೆಯುವ ಕಟ್ಟಳೆಯನ್ನು ನಾವು ಕಂಡಿಲ್ಲ. ಪೇಚಾಟವೆಲ್ಲ ಗಂಡಸರದೇ.

ಹಿಂದೆ ಹಡಗೆಂದರೆ ನಮ್ಮವರಿಗೆ ಕೆಲಸದ ಜಾಗವಾಗಿತ್ತು. ಮಂಗಳೂರು, ಉಡುಪಿ, ಗೋವೆಗಳ ಎಷ್ಟೋ ಹುಡುಗರು ಇಂದಿಗೂ ಅಲ್ಲಿ ಬಡಿಸುತ್ತಾರೆ, ಹಾಸಿಗೆ ಹಾಸುತ್ತಾರೆ. ಈಗ ನಮ್ಮವರು ಬಡಿಸಿಕೊಳ್ಳುವವರಾಗಿಯೂ ಹತ್ತುತ್ತಿದ್ದಾರೆ. ನಮ್ಮ ಮುಂಬಯಿಯಿಂದಲೇ 2018ರಲ್ಲಿ ‘ಆಂಗ್ರಿಯಾ’ ಗೋವೆಗೆ ಹೊರಟಿತು. 2021ರಲ್ಲಿ ಕಾರ್ಡೀಲಿಯಾ ಸಂಸ್ಥೆಯ ‘ಎಂಪ್ರೆಸ್’ ಬಂದಿತು. ಆದುದರಿಂದ ಈ ಪ್ರಶ್ನೆಯು ಒಂದು ಮನೆಯದೆಂದು ತಳ್ಳಿಹಾಕದೆ ಇಲ್ಲಿ ಎತ್ತಿಕೊಂಡಿದ್ದೇವೆ.

ಮೊದಲು ಪರಿಪಾಠವೇನೆಂದು ನೋಡುವಾ. ಎಲ್ಲ ಹಡಗುಗಳಲ್ಲಿಯೂ ಈ ಕಟ್ಟಳೆಯಿಲ್ಲ. ನಾರ್ವೇಜಿಯನ್ ಕ್ರೂಸ್ ಲೈನ್ ಎಂಬ ಕಂಪೆನಿಯು 2000ದಲ್ಲಿಯೇ ‘ಫ್ರೀಸ್ಟೈಲ್’ ಎಂಬ ಪದ್ಧತಿಯನ್ನು ತಂದು ಊಟದ ಹೊತ್ತು, ಉಡುಪು ಎರಡನ್ನೂ ಸಡಿಲಗೊಳಿಸಿತು. ವೈಕಿಂಗ್ ಕಂಪೆನಿಯ ಸಾಗರ ನೌಕೆಗಳಲ್ಲಿ ಫಾರ್ಮಲ್ ನೈಟ್ ಎಂಬುದೇ ಇಲ್ಲ. ಇನ್ನೊಂದು ಕಡೆ ಕ್ಯೂನಾರ್ಡ್‌ನಂತಹ ಹಳೆಯ ಮನೆತನದ ಕಂಪೆನಿಗಳು ‘ಗಾಲಾ ಈವ್ನಿಂಗ್’ ಎಂಬ ಹೆಸರಿನಲ್ಲಿ ಹಿಂದಿನ ಸಂಪ್ರದಾಯವನ್ನು ಉಳಿಸಿಕೊಂಡಿವೆ. ಗಂಡಸರಿಗೆ ಡಿನ್ನರ್ ಜಾಕೆಟು ಇಲ್ಲವೇ ಕಡುಬಣ್ಣದ ಸೂಟು, ಕೊರಳಿಗೆ ಬೋ ಇಲ್ಲವೇ ಟೈ. ಒಲ್ಲದವರು ಉಪವಾಸ ಬೀಳಬೇಕಾಗಿಲ್ಲ. ಅವರಿಗೆ ಬಫೆ ಊಟದ ಶಾಲೆಯೂ ಬೇರೆ ಕೆಲವು ಕೊಠಡಿಗಳೂ ತೆರೆದಿರುತ್ತವೆ. ಹಡಗು ಹೊರಟ ಮೊದಲ ರಾತ್ರಿ ಸಾಮಾನ್ಯವಾಗಿ ಈ ವಿಧಿಯಿರುವುದಿಲ್ಲ, ಪೆಟ್ಟಿಗೆಗಳು ಕೋಣೆಗೆ ತಲಪುವುದೇ ತಡವಾಗಿ ಎಂಬ ಕಾರಣದಿಂದ. ಬಂದರು ಮುಟ್ಟದೆ ನಡುಗಡಲಲ್ಲಿ ಕಳೆಯುವ ದಿನವನ್ನೇ ಹೆಚ್ಚಾಗಿ ಇದಕ್ಕೆ ಆರಿಸುತ್ತಾರೆ. ಆ ಸಂಜೆ ಮೆಟ್ಟಲ ಬಳಿ ಛಾಯಾಚಿತ್ರಗಾರರು ಕಾದಿರುತ್ತಾರೆ. ತೆಗೆದ ಚಿತ್ರಗಳನ್ನು ಮಾರುತ್ತಾರೆ. ವ್ಯಾಪಾರಿಯ ಕಣ್ಣಿಗೆ ಇದು ಮೊದಲು ಕಾಣುವುದು ಸಹಜವಷ್ಟೆ.

ಇನ್ನು ಆ ಡಿನ್ನರ್ ಜಾಕೆಟಿನ ಕುಲಗೋತ್ರ. 1860ರ ದಶಕದಲ್ಲಿ ಲಂಡನ್ನಿನ ಹೆನ್ರಿ ಪೂಲ್ ಎಂಬ ದರ್ಜಿಯ ಅಂಗಡಿಯವರು ಇಂಗ್ಲೆಂಡಿನ ಯುವರಾಜನಿಗೆ, ಅಂದರೆ ಮುಂದೆ ಏಳನೆಯ ಎಡ್ವರ್ಡ್ ಆದಾತನಿಗೆ, ಬಾಲವಿಲ್ಲದ ಗಿಡ್ಡ ಕೋಟೊಂದನ್ನು ಹೊಲಿದುಕೊಟ್ಟರು. ಬಾಲದ ಕೋಟಿನ ಬಿಗುವಿಲ್ಲದೆ ಹಳ್ಳಿಯ ಮನೆಯಲ್ಲಿ ಆರಾಮವಾಗಿ ಉಣ್ಣಬೇಕೆಂಬುದು ಅದರ ಉದ್ದೇಶ. ಅದೇ ಕೋಟು 1886ರಲ್ಲಿ ನ್ಯೂಯಾರ್ಕಿನ ಬಳಿಯ ಟಕ್ಸೀಡೋ ಪಾರ್ಕಿನ ಶ್ರೀಮಂತರ ಕ್ಲಬ್ಬನ್ನು ಹೊಕ್ಕು ಅಮೇರಿಕದಲ್ಲಿ ಆ ಹೆಸರನ್ನೇ ಪಡೆಯಿತು. ಇಂದು ಔಪಚಾರಿಕತೆಯ ಶಿಖರವೆನಿಸಿದ ಈ ಉಡುಪು ತನ್ನ ಹುಟ್ಟಿನಲ್ಲಿ ಸಡಿಲಿಕೆಯ ಉಡುಪೇ ಆಗಿತ್ತು. ಅನಾದಿಯಿಂದ ಬಂದುದೆಂದು ಇದಕ್ಕೆ ನಡುಬಾಗಿಸಬೇಕಾದ ಅಗತ್ಯವಿಲ್ಲ.

ಹಾಗೆಂದು ನಾವು ಚಡ್ಡಿ ಬನಿಯನಿನ ಪಕ್ಷದವರೆಂದು ವಾಚಕರು ತಿಳಿಯಬಾರದು. ಔತಣಕ್ಕೆ ಹೋಗುವಾಗ ಚೆನ್ನಾಗಿ ಉಟ್ಟು ಹೋಗಬೇಕೆಂಬುದೇ ನಮ್ಮ ಮತ. ಮದುವೆ ಮನೆಗೆ ಮಲಗುವ ಲುಂಗಿಯಲ್ಲಿ ಯಾರೂ ಹೋಗುವುದಿಲ್ಲ. ಪಾಕಶಾಲೆಯಲ್ಲಿ ಅಡಿಗೆಯವರು ಬೆಳಗಿನಿಂದ ಬೆವರಿ ಮಾಡಿದ ಭೋಜನ, ಇಸ್ತ್ರಿ ಮಾಡಿದ ಮೇಜುಬಟ್ಟೆ, ಸಾಲಾಗಿ ನಿಂತ ಬಡಿಸುವವರು, ಇವರೆಲ್ಲರೂ ನಮಗಾಗಿ ಸಿಂಗರಿಸಿಕೊಂಡಿರುವಾಗ ಉಣ್ಣುವವನೊಬ್ಬನು ಈಜುಕೊಳದಿಂದ ಎದ್ದ ಹಾಗೆಯೇ ಬಂದು ಕುಳಿತರೆ ಅದು ಸ್ವಾತಂತ್ರ್ಯವಲ್ಲ, ಅಸಡ್ಡೆ. ನಮ್ಮ ಹೋಟೆಲಿನಲ್ಲಿ ಕೆಲಸ ಕಲಿತ ಹುಡುಗನೊಬ್ಬನು ಈಗ ಒಂದು ಹಡಗಿನಲ್ಲಿ ಬಡಿಸುತ್ತಿದ್ದಾನೆ. ರಜೆಯಲ್ಲಿ ಬಂದಾಗ ಹೇಳಿದ: ಕಟ್ಟಳೆಯನ್ನು ಬರೆಯುವವರು ಕಂಪೆನಿಯ ಕಚೇರಿಯಲ್ಲಿ ಕುಳಿತ ದೊಡ್ಡವರು, ಬಾಗಿಲಲ್ಲಿ ತಡೆದು ಬೈಸಿಕೊಳ್ಳುವವರು ನಾವು. ಬರ್ಮುಡಾ ಚಡ್ಡಿಯಲ್ಲಿ ಬಂದ ಗೃಹಸ್ಥನೊಬ್ಬನು ತಾನು ದುಡ್ಡು ಕೊಟ್ಟು ಬಂದವನೆಂದು ಇವನ ಮೇಲೆ ಕೂಗಾಡಿದನಂತೆ. ಇವನೋ, ಕಪ್ಪು ಕೋಟು ಬೋ ಟೈಗಳಲ್ಲಿ ಆ ಶಾಲೆಯ ಯಾವ ಸಾಹೇಬನಿಗಿಂತಲೂ ಒಪ್ಪವಾಗಿ ನಿಂತಿದ್ದನೆಂಬುದರಲ್ಲಿ ನಮಗೆ ಸಂದೇಹವಿಲ್ಲ.

ಈ ಬಾಗಿಲಿನ ಮಾತು ಬಂದುದರಿಂದ ನಮ್ಮದೇ ಒಂದು ತಪ್ಪನ್ನು ಹೇಳದೆ ಮುಂದುವರಿಯಲಾರೆವು. ಪತ್ರಿಕೆಯ ಗೊಡವೆಗೆ ಬರುವ ಮೊದಲು, ಸುಮಾರು ಹದಿನೈದು ವರ್ಷಗಳ ಹಿಂದೆ, ನಮ್ಮ ಹೋಟೆಲಿನ ಮಾಳಿಗೆಯಲ್ಲಿ ಹವಾನಿಯಂತ್ರಿತ ಕೊಠಡಿಯೊಂದನ್ನು ತೆರೆದೆವು. ಸಾಲ ಮಾಡಿ ಮಾಡಿದ ಕೆಲಸ. ಒಳ್ಳೆಯ ಗಿರಾಕಿಗಳು ಬರಬೇಕೆಂಬ ಆಸೆ. ಮೆಟ್ಟಲ ಬುಡದಲ್ಲಿ ‘ಲುಂಗಿ, ಧೋತರ ಉಟ್ಟವರಿಗೆ ಮೇಲೆ ಪ್ರವೇಶವಿಲ್ಲ’ ಎಂದು ಮೂರು ಭಾಷೆಗಳಲ್ಲಿ ಬೋರ್ಡು ಬರೆಸಿದೆವು. ಧೋತರವೆಂಬ ಶಬ್ದವನ್ನು ಸೇರಿಸಿದವರು ನಾವೇ, ಬೇರೆ ಯಾರೂ ಅಲ್ಲ. ಒಂದು ಭಾನುವಾರ ಸಂಜೆ ಕಲಬುರ್ಗಿಯ ಕಡೆಯ ಗೌಂಡಿ ಕುಟುಂಬವೊಂದು ಬಂದಿತು. ಹತ್ತಿರದ ಕಟ್ಟಡದ ಕೆಲಸದವರು. ಗಂಡಸು ಒಗೆದ ಬಿಳಿಯ ಧೋತರ ಉಟ್ಟು ಹೊಸ ರುಮಾಲು ಸುತ್ತಿದ್ದ. ಹೆಂಗಸು ಇಳಕಲ್ ಸೀರೆಯಲ್ಲಿದ್ದಳು. ಮಗುವಿನ ಕಣ್ಣಿಗೆ ಕಾಡಿಗೆ. ಏನೋ ಶುಭದಿನ ಅವರದು. ವಾಚಮನ್ ಬೋರ್ಡನ್ನು ತೋರಿಸಿದ. ಓದಲು ಬಾರದ ಆತನು ಅದರ ಕಡೆ ನೋಡಿ, ಅನಂತರ ತನ್ನ ಬಟ್ಟೆಯನ್ನು ಒಮ್ಮೆ ನೋಡಿಕೊಂಡು, ಕೊಳೆಯಾಗಿದೆಯೋ ಎಂಬಂತೆ ಕೈಯಿಂದ ಒರಸಿಕೊಂಡ. ಕೆಳಗೆ ಕುಳಿತು ಉಣ್ಣಬಹುದೆಂದರೂ ನಿಲ್ಲದೆ ಹೊರಟುಹೋದರು. ನಾವು ಗಲ್ಲಾದಲ್ಲಿ ಕುಳಿತು ಎಲ್ಲವನ್ನೂ ನೋಡಿದೆವು, ಏಳಲಿಲ್ಲ. ಆ ಬೋರ್ಡು ಇನ್ನೂ ಎಂಟು ತಿಂಗಳು ಅಲ್ಲಿಯೇ ಇತ್ತು.

ಆತನು ಉಟ್ಟಿದ್ದುದು ತನ್ನಲ್ಲಿದ್ದ ಬಟ್ಟೆಗಳಲ್ಲೆಲ್ಲ ಉತ್ತಮವಾದುದನ್ನು. ಸಿಂಗರಿಸಿಕೊಂಡು ಬನ್ನಿರೆಂಬುದು ಕಟ್ಟಳೆಯ ಉದ್ದೇಶವಾಗಿದ್ದರೆ ಆ ಸಂಜೆ ನಮ್ಮ ಹೋಟೆಲಿನಲ್ಲಿ ಅದನ್ನು ಪಾಲಿಸಿದವನು ಆತನೊಬ್ಬನೇ. ಮೇಲೆ ಜೀನ್ಸು ತೊಟ್ಟು ಕುಳಿತವರಲ್ಲ. ಹಡಗಿನ ಕಟ್ಟಳೆಯನ್ನೂ ಇದೇ ಅಳತೆಗೋಲಿನಿಂದ ಅಳೆಯಬೇಕೆಂದು ನಮ್ಮ ಅಭಿಪ್ರಾಯ. ನಿನ್ನಲ್ಲಿರುವ ಉತ್ತಮ ಉಡುಪಿನಲ್ಲಿ ಬಾ ಎಂದರೆ ಅದು ಮರ್ಯಾದೆ. ನಮ್ಮ ಉಡುಪನ್ನೇ ಉತ್ತಮವೆಂದು ಒಪ್ಪಿಕೊಂಡು ಬಾ ಎಂದರೆ ಅದು ಬೇರೆಯೇ ಮಾತು.

ನಮ್ಮ ದೇಶದಲ್ಲಿಯೇ ಈ ಎರಡನೆಯ ಮಾತನ್ನು ಆಡುವವರು ಕಡಿಮೆಯಿಲ್ಲ. 2014ರ ಜುಲೈಯಲ್ಲಿ ಮದರಾಸು ಹೈಕೋರ್ಟಿನ ನ್ಯಾಯಮೂರ್ತಿ ಹರಿಪರಂತಾಮನ್ ಅವರು ಪುಸ್ತಕ ಬಿಡುಗಡೆಯ ಸಮಾರಂಭಕ್ಕೆಂದು ಚೆಪಾಕಿನ ಕ್ರಿಕೆಟ್ ಕ್ಲಬ್ಬಿಗೆ ಹೋದಾಗ, ವೇಷ್ಟಿ ಉಟ್ಟಿದ್ದರೆಂದು ಅವರನ್ನು ಬಾಗಿಲಲ್ಲಿಯೇ ತಡೆದರು. ತಮಿಳುನಾಡು ಸರಕಾರವು ಆ ವರ್ಷವೇ ಶಾಸನ ಮಾಡಿ ಇಂತಹ ನಿಷೇಧವನ್ನು ಅಪರಾಧವೆಂದು ಸಾರಿತು. 2024ರ ಜುಲೈಯಲ್ಲಿ ಬೆಂಗಳೂರಿನ ಮಾಲ್ ಒಂದರಲ್ಲಿ, ಮಗನೊಡನೆ ಚಲಚ್ಚಿತ್ರ ನೋಡಲು ಬಂದ ಹಾವೇರಿಯ ವೃದ್ಧ ರೈತರನ್ನು ಪಂಚೆಯ ಕಾರಣದಿಂದ ಒಳಗೆ ಬಿಡಲಿಲ್ಲ. ಕರ್ನಾಟಕ ಸರಕಾರವು ಆ ಮಾಲನ್ನು ಏಳು ದಿನ ಮುಚ್ಚಿಸುವ ಕ್ರಮಕ್ಕೆ ಮುಂದಾಯಿತು. ಕನ್ನಡ ನಾಡಿನ ರಾಜಧಾನಿಯಲ್ಲಿ ಕನ್ನಡ ರೈತನ ಗತಿ ಇದಾದರೆ ಬಾರ್ಸಿಲೋನಾವನ್ನು ದೂರುವುದೇಕೆ? ಬಹಾಮಾ, ಬರ್ಮುಡಾ, ಪನಾಮಾಗಳ ಧ್ವಜ ಹಾರಿಸುವ ಹಡಗುಗಳ ಮೇಲೆ ನಮ್ಮ ಶಾಸನಗಳೇನೋ ನಡೆಯಲಾರವು. ಆದರೆ ಆಶ್ಚರ್ಯವೆಂದರೆ, ಔಪಚಾರಿಕ ಉಡುಪಿನ ವಿಷಯದಲ್ಲಿ ಪಾಶ್ಚಾತ್ಯರ ರೂಢಿಯು ನಮ್ಮ ಕ್ಲಬ್ಬುಗಳಷ್ಟು ಬಿಗಿಯಾಗಿಲ್ಲ. ಆಯಾ ದೇಶದ ಔಪಚಾರಿಕ ಉಡುಪನ್ನು ಸೂಟಿಗೆ ಸಮನೆಂದು ಎಣಿಸುವ ವಾಡಿಕೆ ಅವರಲ್ಲಿ ಹಿಂದಿನಿಂದ ಇದೆ. ಸ್ಕಾಟ್ಲೆಂಡಿನವನು ಮೊಣಕಾಲು ಕಾಣುವ ಕಿಲ್ಟ್ ಉಟ್ಟು ಬಂದರೆ ಅವನಿಗೆ ಕುರ್ಚಿ ಎಳೆದುಕೊಡುತ್ತಾರೆ. ಹಿಮ್ಮಡಿಯವರೆಗೆ ಮುಚ್ಚುವ ನಮ್ಮ ಪಂಚೆಯಲ್ಲಿ ಅಸಭ್ಯವೇನಿದೆ?

ಇದೇ ಮುಂಬಯಿ ಬಂದರಿನಿಂದ 1888ರ ಸಪ್ಟಂಬರ 4ರಂದು ಹದಿನೆಂಟು ವರ್ಷದ ಹುಡುಗನೊಬ್ಬನು ಇಂಗ್ಲೆಂಡಿಗೆ ಹಡಗು ಹತ್ತಿದ. ಚಮಚ ಕತ್ತಿಗಳ ಬಳಕೆ ಗೊತ್ತಿಲ್ಲದೆ, ಯಾವ ಪದಾರ್ಥದಲ್ಲಿ ಮಾಂಸವಿಲ್ಲವೆಂದು ಕೇಳಲು ಧೈರ್ಯ ಸಾಲದೆ, ಆತನು ಭೋಜನಶಾಲೆಗೆ ಹೋಗದೆ ಕೋಣೆಯಲ್ಲಿಯೇ ಒಯ್ದ ಸಿಹಿತಿಂಡಿ ಹಣ್ಣುಗಳನ್ನು ತಿಂದ. ಹಡಗಿನಲ್ಲಿ ಕಪ್ಪು ಸೂಟು ತೊಟ್ಟು, ಇಳಿಯುವ ದಿನಕ್ಕೆಂದು ಕಾದಿರಿಸಿದ್ದ ಬಿಳಿಯ ಫ್ಲಾನೆಲ್ ಸೂಟನ್ನು ತೊಟ್ಟು ಇಳಿದರೆ, ಸಪ್ಟಂಬರದ ಕೊನೆಯ ಆ ದಿನಗಳಲ್ಲಿ ಬಿಳಿ ತೊಟ್ಟವನು ತಾನೊಬ್ಬನೇ! ಮುಂದೆ ಲಂಡನ್ನಿನ ಬಾಂಡ್ ಸ್ಟ್ರೀಟಿನಲ್ಲಿ ಹತ್ತು ಪೌಂಡು ಸುರಿದು ಸಂಜೆಯ ಸೂಟನ್ನೂ ಹೊಲಿಸಿದ. ಇದೆಲ್ಲವನ್ನೂ ಆತನೇ ಆತ್ಮಕಥೆಯಲ್ಲಿ ಬರೆದಿದ್ದಾನೆ. 1931ರ ಆಗಸ್ಟ್ 29ರಂದು ಅದೇ ಬಂದರಿನಿಂದ ‘ರಾಜಪುತಾನಾ’ ಹಡಗನ್ನು ಹತ್ತಿದಾಗ ಆತನು ಮಹಾತ್ಮಾ ಗಾಂಧಿ. ತುಂಡುಪಂಚೆ ಶಾಲುಗಳಲ್ಲಿಯೇ ಬಕಿಂಗ್‌ಹ್ಯಾಂ ಅರಮನೆಯ ಚಹಾಕೂಟಕ್ಕೂ ಹೋಗಿ ಬಂದರು. ಪ್ರತಿಯೊಂದು ಚಿಲ್ಲರೆ ಜಗಳಕ್ಕೂ ಮಹಾತ್ಮರನ್ನು ಎಳೆದು ತರುವ ಚಟ ನಮಗಿಲ್ಲ. ಆದರೆ ಕೋಣೆಯಲ್ಲಿ ಕುಳಿತು ಅವಲಕ್ಕಿ ತಿನ್ನುತ್ತೇನೆಂದ ಈ ಹಿರಿಯರನ್ನು ಕಂಡಾಗ ನಮಗೆ ನೆನಪಾದುದು 1931ರ ಗಾಂಧಿಯಲ್ಲ, 1888ರ ಆ ಹುಡುಗ.

ಮಗನಿಗೆ ನಾವು ಏಕಾಂತದಲ್ಲಿ ಒಂದೇ ಪ್ರಶ್ನೆ ಕೇಳಿದೆವು: ಹಡಗಿನವರು ತಡೆದಾರೆಂದು ನಿನ್ನ ಭಯವೋ, ಪಕ್ಕದ ಮೇಜಿನವರು ನೋಡಿಯಾರೆಂದೋ? ಆತನು ಸ್ವಲ್ಪ ಹೊತ್ತು ಸುಮ್ಮನಿದ್ದು, ಎರಡನೆಯದೇ ಎಂದ. ಸುಳ್ಳು ಹೇಳಲಿಲ್ಲವೆಂಬುದಕ್ಕೆ ಆತನನ್ನು ಮೆಚ್ಚಬೇಕು. ಮೊದಲನೆಯದಕ್ಕೆ ಉಪಾಯ ಸುಲಭ. ಹೊರಡುವ ಮುಂಚೆಯೇ ಕಂಪೆನಿಗೆ ಬರೆದು, ಭಾರತದ ಔಪಚಾರಿಕ ಉಡುಪಿಗೆ ಒಪ್ಪಿಗೆಯಿದೆಯೇ ಎಂದು ಕೇಳಿ, ಉತ್ತರವನ್ನು ಕಾಗದದಲ್ಲಿ ಪಡೆದು ಕಿಸೆಯಲ್ಲಿಟ್ಟುಕೊಳ್ಳುವುದು. ಬಾಗಿಲಲ್ಲಿ ನಿಂತ ಹುಡುಗನಿಗೂ ಅದರಿಂದ ಅನುಕೂಲ. ಎರಡನೆಯದಕ್ಕೆ ಯಾವ ದರ್ಜಿಯೂ ಮದ್ದು ಹೊಲಿದು ಕೊಡಲಾರ.

ತಂದೆಯವರನ್ನೂ ನಾವು ಬಿಡಲಿಲ್ಲ. ಪಂಚೆ ನಮ್ಮ ಉಡುಪೆಂದು ಮನೆಯಲ್ಲಿ ಉಡುವ ಮಾಸಿದ ಪಂಚೆ, ತೋಳಿನ ಬನಿಯನುಗಳಲ್ಲಿ ಹೋಗುವುದಾದರೆ ಮಗನ ಪಕ್ಷವೇ ಸರಿಯೆಂದು ಹೇಳಿಬಿಟ್ಟೆವು. ಹಳೆಯ ಮೈಸೂರಿನ ಹಿರಿಯರು ಜರಿಯಂಚಿನ ಪಂಚೆಯ ಮೇಲೆ ಕ್ಲೋಸ್ ಕಾಲರಿನ ಕಪ್ಪು ಕೋಟು ತೊಟ್ಟು, ಹೆಗಲಿಗೆ ಮಡಿಸಿದ ಶಲ್ಯ ಹಾಕಿ ಸಭೆಗೆ ಹೊರಟರೆ ಅದಕ್ಕಿಂತ ಗಂಭೀರವಾದ ಉಡುಪನ್ನು ಯಾವ ದೇಶ ತೋರಿಸೀತು? ವಿಶ್ವೇಶ್ವರಯ್ಯನವರು ಸೂಟು ಟೈಗಳ ಮೇಲೆ ಮೈಸೂರು ಪೇಟವಿಟ್ಟರು. ಎರಡೂ ಅವರಿಗೆ ಒಪ್ಪಿದುವು. ನಿಮಗೆ ಸೂಟು ಬೇಡವಾದರೆ ಬೇಡ. ಆದರೆ ಕೋಟೊಂದನ್ನು ಹೊಲಿಸಿರಿ, ಕಾಲಿಗೆ ರಬ್ಬರು ಚಪ್ಪಲಿ ಬೇಡ, ಊಟದ ಶಾಲೆಗೆ ಹೋಗಿ ಮಗನ ಪಕ್ಕದಲ್ಲಿ ಕುಳಿತುಕೊಳ್ಳಿರಿ ಎಂದೆವು. ನಿಮಗೆ ಬಡಿಸುವವನು ನಮ್ಮೂರಿನ ಹುಡುಗನೇ ಆಗಿದ್ದರೂ ಆಗಿರಬಹುದು, ಆತನಿಗೆ ಎಷ್ಟು ಸಂತೋಷವಾದೀತು ಎಂದಾಗ ಅವರ ಮುಖ ಸ್ವಲ್ಪ ಸಡಿಲಿತು.

ಮಗ ಕಂಪೆನಿಗೆ ಬರೆದಿದ್ದಾನೆ. ಉತ್ತರ ಇನ್ನೂ ಬಂದಿಲ್ಲ. ಕೋಟಿನ ಅಳತೆ ಕೊಟ್ಟಾಗಿದೆಯಂತೆ. ನಿನ್ನೆ ಹಿರಿಯರು ಫೋನು ಮಾಡಿ, ಪಂಚೆಗೆ ಇಸ್ತ್ರಿ ಹಾಕಿಕೊಳ್ಳಲು ಮನೆಯ ಪೆಟ್ಟಿಗೆಯನ್ನೇ ಒಯ್ಯಬಹುದೇ ಎಂದು ವಿಚಾರಿಸಿದರು. ಬೆಂಕಿಯ ಭಯದಿಂದ ಹಡಗಿನ ಕೋಣೆಗಳಿಗೆ ಇಸ್ತ್ರಿ ಪೆಟ್ಟಿಗೆ ತರಗೊಡುವುದಿಲ್ಲ, ಅಲ್ಲಿಯೇ ದುಡ್ಡು ಕೊಟ್ಟು ಮಾಡಿಸಬೇಕು ಎಂದು ತಿಳಿಸಿದೆವು. ಒಂದು ಪಂಚೆಗೆ ಎಷ್ಟಾದೀತು ಎಂದರು.