ಯಾವ ಆಗಬೋಟಿ ಹತ್ತಬೇಕು?

ಸಮುದ್ರವು ಕಣ್ಣಿಗೆ ಬೀಳಬೇಕಾದರೆ ಇಡಿಯ ಒಂದು ದಿನ ಪ್ರಯಾಣ ಮಾಡಬೇಕಾದ ಸೀಮೆ ನಮ್ಮದು. ಕಾಖಂಡಕಿಯ ಜನ ನೀರಿನ ವಿಷಯದಲ್ಲಿ ಪಂಡಿತರೇನೋ ಹೌದು. ಆದರೆ ಆ ಪಾಂಡಿತ್ಯವೆಲ್ಲ ಬೋರಿನ ಆಳ, ಕಾಲುವೆಯ ಸರದಿ, ಹನಿ ನೀರಾವರಿಯ ಕೊಳವೆ ಇವಿಷ್ಟಕ್ಕೇ ಸಂಬಂಧಿಸಿದುದು. ಹಡಗಿನ ಬಗೆಗೆ ಅಭಿಪ್ರಾಯ ಇಟ್ಟುಕೊಳ್ಳುವ ಪ್ರಸಂಗವೇ ನಮಗೆ ಒದಗಿರಲಿಲ್ಲ. ಈಗ ಒದಗಿದೆ. ದ್ರಾಕ್ಷಿಯಿಂದ ನಾಲ್ಕು ಕಾಸು ಕೈಗೆ ಹತ್ತಿದವರು, ನಿವೃತ್ತಿಯ ಗಂಟು ಕೈಗೆ ಬಂದ ನೌಕರರು, ಮಕ್ಕಳು ಬೆಂಗಳೂರು ಸೇರಿ ಸಂಬಳ ತರುತ್ತಿರುವ ತಂದೆತಾಯಿಗಳು — ಎಲ್ಲರ ಬಾಯಲ್ಲೂ ಒಂದೇ ಮಾತು: 'ಕ್ರೂಸ್' ಹೋಗಬೇಕು. ಹೋಗಲಿ, ಯಾರು ಬೇಡವೆಂದರು? ನನ್ನ ತಕರಾರು ಹೋಗುವುದರ ಮೇಲಲ್ಲ, ಹಡಗನ್ನು ಆರಿಸುವ ರೀತಿಯ ಮೇಲೆ.

ನಮ್ಮ ಕಾಕಾ ಕಾಕು ಇಬ್ಬರೂ ಕಳೆದ ಚಳಿಗಾಲದಲ್ಲಿ ಊರಿನಿಂದ ವಿಜಯಪುರಕ್ಕೆ ನಮ್ಮ ಮನೆಗೆ ಬಂದಿದ್ದರು. ಕಾಕಾನ ಕೈಯಲ್ಲಿ ಎರಡು ನುಣುಪು ಕಾಗದದ ಜಾಹೀರಾತು ಪುಸ್ತಿಕೆ. ಮದುವೆಯಾಗಿ ನಲವತ್ತು ವರ್ಷ ತುಂಬುವುದರಿಂದ ಮುಂಬಯಿಯಿಂದ ಹೊರಡುವ ಹಡಗೋ ಸಿಂಗಾಪುರದಿಂದ ಹೊರಡುವ ಹಡಗೋ ಎಂಬ ಜಿಜ್ಞಾಸೆ ಹುಟ್ಟಿತ್ತು.

"ತಮ್ಮಾ, ಇದರಾಗ ಯಾವುದು ಚಲೋ ಹೇಳು. ಇದಕ್ಕ ಹನ್ನೊಂದು ಮಜಲಿ ಅವ, ಅದಕ್ಕ ಹದಿನೆಂಟು. ಅದರಾಗ ಈಜಗೊಳ ನಾಕು, ಇದರಾಗ ಒಂದ. ರೊಕ್ಕ ಮಾತ್ರ ಅದಕ್ಕ ಜಾಸ್ತಿ."

ನಾನು ಪುಸ್ತಿಕೆ ತಿರುವುತ್ತಿದ್ದೆ. ಅಷ್ಟರಲ್ಲಿ ಕಾಕು ಚಹದ ಬಟ್ಟಲು ಕೆಳಗಿಟ್ಟು, "ಅದಿರಲಿ. ನಾವು ಮಲಗೂ ಖೋಲ್ಯಾಗಿಂದ ಸಮುದ್ರ ಕಾಣತೈತೇನು?" ಎಂದು ಕೇಳಿದಳು.

ಹುಡುಕಿ ನೋಡಿದೆ. ಕಾಣುವುದಿಲ್ಲ. ದಲಾಲನು ಬರೆದುಕೊಟ್ಟಿದ್ದ ದರ ಒಳಕೋಣೆಯದು. ಹಡಗಿನ ಹೊಟ್ಟೆಯ ನಡುವೆ, ಕಿಟಕಿಯೇ ಇಲ್ಲದೆ, ಹಗಲೋ ರಾತ್ರಿಯೋ ತಿಳಿಯಬೇಕಾದರೆ ಗಡಿಯಾರ ನೋಡಬೇಕಾದ ಕೋಣೆ. ಕಿಟಕಿಯುಳ್ಳ ಕೋಣೆಗೆ ಬೇರೆ ದರ, ಮೊಗಸಾಲೆಯುಳ್ಳ ಕೋಣೆಗೆ ಇನ್ನೂ ಬೇರೆ. ಅರವತ್ತು ವರ್ಷ ಸಮುದ್ರ ನೋಡದ ಹೆಂಗಸನ್ನು ಸಮುದ್ರದ ಮಧ್ಯಕ್ಕೆ ಒಯ್ದು, ಅದು ಕಾಣದ ಕೋಣೆಯಲ್ಲಿ ಮಲಗಿಸುವ ಏರ್ಪಾಡಿಗೆ ನಮ್ಮ ಕಾಕಾ ಮುಂಗಡ ಕೊಡಲು ಸಿದ್ಧನಾಗಿದ್ದ. ಅಮೆರಿಕದ ದೊಡ್ಡ ಕಂಪನಿಯೊಂದು ತನ್ನ ಕೆಲವು ಹಡಗುಗಳಲ್ಲಿ ಇದಕ್ಕೂ ಉಪಾಯ ಹುಡುಕಿದೆ: ಒಳಕೋಣೆಯ ಗೋಡೆಗೆ ಆಳೆತ್ತರದ ಪರದೆ ಕೂಡಿಸಿ, ಹೊರಗಿನ ಸಮುದ್ರವನ್ನು ಕ್ಯಾಮೆರಾದ ಮೂಲಕ ಅದರಲ್ಲಿ ತೋರಿಸುತ್ತದೆ! ಕಾರಹುಣ್ಣಿಮೆಯ ಕರಿ ನೋಡಲು ಸುತ್ತಲಿನ ಜನವೆಲ್ಲ ನಮ್ಮೂರಿಗೆ ಬಂದು ಕಿಕ್ಕಿರಿಯುತ್ತದೆ. ಎತ್ತು ಹೋರಿಗಳ ಎದುರಿಗೆ ಬೀದಿಗಿಳಿಯುವ ಧೈರ್ಯ ಎಲ್ಲರಿಗೂ ಇರುವುದಿಲ್ಲ. ಮಾಳಿಗೆಯ ಮೇಲೆ ನಿಂತು ನೋಡುವವನೂ ನೋಡಿದಂತೆಯೇ. ಆದರೆ ಊರಿಗೆ ಬಂದು, ಒಳಮನೆಯ ಕದ ಹಾಕಿಕೊಂಡು, ಟೀವಿಯಲ್ಲಿ ಕರಿ ನೋಡಿ ಹೋದವನನ್ನು ಏನೆಂದು ಕರೆಯೋಣ?

ಆದುದರಿಂದ ಹಡಗು ಆರಿಸುವವರು ಮೊದಲು ಕೇಳಬೇಕಾದುದು ಕಾಕುವಿನ ಪ್ರಶ್ನೆ, ಕಾಕಾನದಲ್ಲ. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆಯನ್ನು ನಾನು ಸೇರಿಸುತ್ತೇನೆ: ಈ ಹಡಗು ಎಲ್ಲಿ ನಿಲ್ಲುತ್ತದೆ, ಎಷ್ಟು ತಾಸು ನಿಲ್ಲುತ್ತದೆ? ಎಲ್ಲಿಯೂ ನಿಲ್ಲದೆ ಎರಡು ರಾತ್ರಿ ಸುತ್ತಾಡಿ ಹೊರಟ ಬಂದರಿಗೇ ಮರಳುವ ಪ್ರವಾಸಗಳೂ ಉಂಟೆಂಬುದು ಎಷ್ಟು ಜನಕ್ಕೆ ಗೊತ್ತಿದೆ? ದಡ ದೂರವಾದ ಮೇಲೆ ಜೂಜುಕಟ್ಟೆ ತೆರೆಯುತ್ತದೆ, ಅಂಗಡಿಸಾಲು ಬೆಳಗುತ್ತದೆ. ದೊಡ್ಡ ಕಂಪನಿಗಳ ಆದಾಯದಲ್ಲಿ ಸುಮಾರು ಮೂರನೆಯ ಒಂದು ಪಾಲು ಟಿಕೆಟಿನಿಂದ ಬರುವುದಲ್ಲ, ಹತ್ತಿದ ಮೇಲೆ ಪ್ರಯಾಣಿಕನು ಬಿಚ್ಚುವ ಚೀಲದಿಂದ ಬರುವುದು. ಹೀಗಿರುವಾಗ ಹಡಗಿನವರು ನಮ್ಮನ್ನು ದಡಕ್ಕೆ ಇಳಿಸಲು ಅವಸರಪಟ್ಟಾರೆಯೆ? ಇಳಿದವನು ಬಂದರಿನ ಚಹದಂಗಡಿಯಲ್ಲಿ ಖರ್ಚು ಮಾಡುತ್ತಾನೆ. ಕೆಲವು ಕಂಪನಿಗಳು ಈ ನಷ್ಟವನ್ನೂ ತಪ್ಪಿಸಲು ತಮ್ಮದೇ ದ್ವೀಪ ಇಟ್ಟುಕೊಂಡಿವೆ. ಬಹಾಮಾಸಿನಲ್ಲಿ ಇಂಥವು ಹಲವು. ಅಲ್ಲಿ ಇಳಿದರೂ ನೀವು ಇಳಿದದ್ದು ಅದೇ ಕಂಪನಿಯ ಅಂಗಳಕ್ಕೆ.

ಜಾಹೀರಾತಿನ ದರವನ್ನು ಕುರಿತು ಒಂದು ಮಾತು. ಅದು ಇಬ್ಬರು ಒಂದು ಕೋಣೆಯಲ್ಲಿದ್ದಾಗ ತಲೆಗೆ ಬೀಳುವ ದರ. ಒಬ್ಬಂಟಿಯಾಗಿ ಹೋಗುವ ವಿಧುರನೋ ವಿಧವೆಯೋ ಬಹುಮಟ್ಟಿಗೆ ಇನ್ನೊಬ್ಬರ ದರವನ್ನೂ ತೆರಬೇಕಾಗುತ್ತದೆ. ಇಲ್ಲದ ಸಂಗಾತಿಗೆ ಬಾಡಿಗೆ! ಬಂದರಿನ ಸುಂಕ, ತೆರಿಗೆ, ವಿದೇಶೀ ಹಡಗಾದರೆ ದಿನವಹಿ ಸೇವಾಶುಲ್ಕ, ವೀಸಾ, ವಿಮಾನ ಇವೆಲ್ಲ ಆಮೇಲೆ ಒಂದೊಂದಾಗಿ ತಲೆಯೆತ್ತುತ್ತವೆ. ಕಾಕಾನಿಗೆ ನಾನು ಕೂಡಿಸಿ ತೋರಿಸಿದ ಮೊತ್ತಕ್ಕೂ ಪುಸ್ತಿಕೆಯ ಮುಖಪುಟದ ಮೊತ್ತಕ್ಕೂ ಸೋದರಸಂಬಂಧವೂ ಇರಲಿಲ್ಲ.

ಎತ್ತು ಕೊಳ್ಳುವಾಗ ಹಲ್ಲು ಎಣಿಸದೆ ಹಣ ಎಣಿಸುವ ರೈತ ನಮ್ಮ ಸೀಮೆಯಲ್ಲಿಲ್ಲ. ಹಡಗಿಗೆ ಮಾತ್ರ ಹಲ್ಲು ಎಣಿಸುವುದನ್ನು ನಾವು ಮರೆಯುತ್ತೇವೆ. ಮುಂಬಯಿಯಿಂದ 2019ರ ಏಪ್ರಿಲಿನಲ್ಲಿ ಹೊಸ ಹೆಸರಿನ ಜಲೇಶ್ ಕಂಪನಿಯ 'ಕರ್ಣಿಕಾ' ಸಂಚಾರ ತೊಡಗಿದಾಗ ಪತ್ರಿಕೆಗಳೆಲ್ಲ ಹೊಗಳಿದವು. ಆ ಹಡಗು 1990ರದು. 'ಕ್ರೌನ್ ಪ್ರಿನ್ಸೆಸ್' ಆಗಿ ಹುಟ್ಟಿ, ಹಲವು ಹೆಸರು ತೊಟ್ಟು, ನಮ್ಮಲ್ಲಿಗೆ ಬಂದದ್ದು. ಮರುವರ್ಷ ಮಹಾಮಾರಿ ಬಂತು, ಕಂಪನಿ ಮುಚ್ಚಿತು, 2020ರ ನವೆಂಬರಿನಲ್ಲಿ ಹಡಗು ಗುಜರಾತಿನ ಅಲಂಗದಲ್ಲಿ ಒಡೆಯುವವರ ಕೈಸೇರಿತು. 2021ರ ಸೆಪ್ಟೆಂಬರಿನಲ್ಲಿ ಕಾರ್ಡೇಲಿಯಾ ಕಂಪನಿಯವರು ಮುಂಬಯಿಯಿಂದ ಓಡಿಸತೊಡಗಿದ 'ಎಂಪ್ರೆಸ್' ಕೂಡ ಅದೇ 1990ರಲ್ಲಿ 'ನಾರ್ಡಿಕ್ ಎಂಪ್ರೆಸ್' ಎಂದು ಫ್ರಾನ್ಸಿನಲ್ಲಿ ಹುಟ್ಟಿದುದು. ಹಳೆಯ ಹಡಗೆಂದರೆ ಕೆಟ್ಟ ಹಡಗೆಂದಲ್ಲ; ಚೆನ್ನಾಗಿ ಮೇಯಿಸಿದ ಮುದಿ ಎತ್ತು ಎಷ್ಟೋ ಸಲ ಹೋರಿಗಿಂತ ನೆಟ್ಟಗೆ ಗಾಡಿ ಎಳೆಯುತ್ತದೆ. ಹೊಸದು, ದೊಡ್ಡದು ಎಂದ ಮಾತ್ರಕ್ಕೆ ಕ್ಷೇಮವೆಂದೂ ಇಲ್ಲ. 2012ರ ಜನವರಿ 13ರ ರಾತ್ರಿ ಇಟಲಿಯ ಜಿಲ್ಯೊ ದ್ವೀಪದ ಬಂಡೆಗೆ ತಾಗಿ ಮಗುಚಿ 32 ಜನರನ್ನು ಬಲಿ ತೆಗೆದುಕೊಂಡ 'ಕೋಸ್ಟಾ ಕಾನ್ಕಾರ್ಡಿಯಾ' ಕಟ್ಟಿ ಆರೇ ವರ್ಷವಾಗಿತ್ತು. ಹಡಗಿನ ವಯಸ್ಸು, ಪೂರ್ವಾಶ್ರಮದ ಹೆಸರು, ಹಾರಿಸುವ ಬಾವುಟ ಇವನ್ನು ಕೇಳಿ ತಿಳಿಯುವುದು ಗಿರಾಕಿಯ ಹಕ್ಕು ಎಂಬಷ್ಟೇ ನನ್ನ ವಾದ.

ಬಾವುಟದ ಮಾತು ಬಂದುದರಿಂದ ಹೇಳುತ್ತೇನೆ. ಕಂಪನಿ ಅಮೆರಿಕದ್ದು, ಪ್ರಯಾಣಿಕರು ಭಾರತದವರು, ಬಾವುಟ ಮಾತ್ರ ಬಹಾಮಾಸಿನದೋ ಪನಾಮಾದ್ದೋ ಮಾಲ್ಟಾದ್ದೋ ಆಗಿರುತ್ತದೆ. ಯಾಕೆ? ಬಾವುಟ ಯಾವ ದೇಶದ್ದೋ ಹಡಗಿನೊಳಗಿನ ಕಾಯಿದೆ ಆ ದೇಶದ್ದು. ತೆರಿಗೆ ಮತ್ತು ಕೂಲಿಯ ಕಾಯಿದೆ ಹಗುರಾಗಿರುವಲ್ಲಿ ಹೆಸರು ದಾಖಲಿಸುವುದು ಕಂಪನಿಗೆ ಲಾಭ. ನಿಮ್ಮ ಮಂಚದ ಮೇಲೆ ಟವೆಲನ್ನು ಹಂಸದಂತೆ ಮಡಿಚಿಟ್ಟು ಹೋಗುವ ಹುಡುಗ ಗೋವೆಯವನೋ ಮಂಗಳೂರಿನವನೋ ಫಿಲಿಪೈನ್ಸಿನವನೋ ಇರುತ್ತಾನೆ. ನಾವಿಕರ ದುಡಿಮೆಯ ಬಗೆಗೆ 2006ರ ಅಂತಾರಾಷ್ಟ್ರೀಯ ಒಪ್ಪಂದವಿದೆ. ಅದರ ಒಂದು ಲೆಕ್ಕದಂತೆ ವಾರಕ್ಕೆ 77 ತಾಸು ವಿಶ್ರಾಂತಿ ಕೊಟ್ಟರೆ ಸಾಕು. ವಾರಕ್ಕೆ 168 ತಾಸು. ಉಳಿದ 91 ತಾಸು ದುಡಿಸಿಕೊಂಡರೂ ಒಪ್ಪಂದ ಮುರಿದಂತಾಗದು. ಹದಿನೆಂಟು ಮಜಲಿಯ ಹೊಳಪಿನ ಕೆಳಗೆ ಇನ್ನಷ್ಟು ಮಜಲಿಗಳಿವೆ. ಪುಸ್ತಿಕೆಯಲ್ಲಿ ಅವುಗಳ ಚಿತ್ರವಿಲ್ಲ.

ಇದಕ್ಕೆ ಪ್ರತಿವಾದ ಇಲ್ಲದಿಲ್ಲ. ನನ್ನ ಮಿತ್ರರೊಬ್ಬರು, ನಿವೃತ್ತ ಬ್ಯಾಂಕ್ ಅಧಿಕಾರಿಗಳು, ದೊಡ್ಡ ಹಡಗಿನ ಪರಮ ಪಕ್ಷಪಾತಿಗಳು. "ಮೊಣಕಾಲು ನೋವಿನವರಿಗೆ ಇದಕ್ಕಿಂತ ಸುಖವಾದ ಪ್ರವಾಸ ಯಾವುದಿದೆ? ಒಮ್ಮೆ ಪೆಟ್ಟಿಗೆ ಬಿಚ್ಚಿದರೆ ಮುಗಿಯಿತು. ದಿನಕ್ಕೊಂದು ಲಾಡ್ಜು, ದಿನಕ್ಕೊಂದು ಬಸ್ಸು ಎಂಬ ಪೀಡೆಯಿಲ್ಲ. ಸಸ್ಯಾಹಾರ ಬಲ್ಲ ಅಡಿಗೆಯವರಿದ್ದಾರೆ, ಡಾಕ್ಟರಿದ್ದಾರೆ" ಎನ್ನುತ್ತಾರೆ. ಒಪ್ಪಿದೆ. ಕೇವಲ ವಿಶ್ರಾಂತಿಯೇ ಬೇಕಾದವರು ಹೋಗಲಿ. ಆದರೆ ಅವರು ಹೋದದ್ದು ಹೊಟೇಲಿಗೆ, ಸಮುದ್ರಕ್ಕಲ್ಲ ಎಂದು ತಿಳಿದು ಹೋಗಲಿ. ವಿಜಾಪುರದ ದರಬಾರಿನ ವೈಭವ ಬಿಟ್ಟು 17ನೆಯ ಶತಮಾನದಲ್ಲಿ ಮಹಿಪತಿದಾಸರು ಬಂದು ನೆಲಸಿದ ಊರಿನವನು ನಾನು. ಈ ವಾದದಲ್ಲಿ ನನ್ನ ಒಲವು ಎತ್ತ ಎಂಬುದನ್ನು ಮುಚ್ಚಿಡುವುದಿಲ್ಲ.

ಹಿಂದೆ ಕಾರವಾರದ ಬಂದರಿಗೆ ಮುಂಬಯಿಯ ಆಗಬೋಟಿ ಬರುತ್ತಿದ್ದ ಕಾಲದಲ್ಲಿ ಯಾರೂ ವಿಹಾರಕ್ಕೆಂದು ಹತ್ತುತ್ತಿರಲಿಲ್ಲ. ನೌಕರಿಗೆ, ಕೋರ್ಟಿಗೆ, ಮಗಳ ಬಾಣಂತನಕ್ಕೆ ಹೋಗುವವರು ಹತ್ತುತ್ತಿದ್ದರು. ಸಣ್ಣ ಬಂದರುಗಳಲ್ಲಿ ಪಡಾವಿನಲ್ಲಿ ತೂಗಾಡುತ್ತ ಹೋಗಿ ಹಡಗು ಸೇರಿ, ಡೆಕ್ಕಿನ ಮೇಲೆ ಚಾಪೆ ಹಾಸಿ ಮಲಗಿದರೆ ತಲೆಯ ಮೇಲೆ ನಕ್ಷತ್ರ, ಪಕ್ಕದಲ್ಲಿ ಸಮುದ್ರ. ಮುಂಬಯಿ–ಪಣಜಿ ನಡುವಿನ ಆಗಬೋಟಿ 1980ರ ದಶಕದವರೆಗೂ ಓಡುತ್ತಿತ್ತು. ಅದರಲ್ಲಿ ವಾಂತಿ ಮಾಡಿಕೊಂಡವರೂ ಆ ರಾತ್ರಿಯನ್ನು ಮರೆತಿಲ್ಲ. ಆ ಕಷ್ಟವೇ ಮರಳಿ ಬರಲಿ ಎಂದು ನಾನು ಹೇಳುವುದಿಲ್ಲ. ಡೆಕ್ಕಿನ ಮೇಲಿನ ಆ ಸಮುದ್ರ ಮಾತ್ರ ಎಲ್ಲಿಯಾದರೂ ಸಿಗುವುದೆ ಎಂದು ಹುಡುಕುತ್ತೇನೆ.

ಹುಡುಕಿದರೆ ಸಿಗುತ್ತದೆ. ಲಕ್ಷದ್ವೀಪದ ಆಡಳಿತಕ್ಕೆ ಸೇರಿದ ಸಂಸ್ಥೆಯು ಕೊಚ್ಚಿಯಿಂದ 'ಸಮುದ್ರಂ' ಎಂಬ ಐದು ದಿನದ ಪ್ರವಾಸವನ್ನು ರೂಪಿಸಿದೆ. ಹಡಗು 'ಕವರತ್ತಿ', ವಿಶಾಖಪಟ್ಟಣದ ಹಿಂದುಸ್ತಾನ್ ಶಿಪ್‌ಯಾರ್ಡಿನಲ್ಲಿ ಕಟ್ಟಿದುದು, 700 ಜನ ಹಿಡಿಯುವಂಥದು. ಅದು ವಿಹಾರನೌಕೆಯಲ್ಲ, ದ್ವೀಪದ ಜನರನ್ನು ಒಯ್ದು ತರುವ ಹಡಗು. ಪ್ರವಾಸಿಗೂ ಅದರಲ್ಲಿ ಒಂದು ಮೂಲೆ. ಹಗಲೆಲ್ಲ ದ್ವೀಪದ ಮೇಲೆ, ರಾತ್ರಿ ಹಡಗಿನಲ್ಲಿ: ಕವರತ್ತಿ, ಕಲ್ಪೇನಿ, ಮಿನಿಕಾಯ್. ನಿಮ್ಮ ಸಹಪ್ರಯಾಣಿಕನು ಕೊಚ್ಚಿಯ ಆಸ್ಪತ್ರೆಯಿಂದ ತಾಯಿಯನ್ನು ಮನೆಗೆ ಕರೆದೊಯ್ಯುತ್ತಿರುವ ದ್ವೀಪವಾಸಿಯಾಗಿರಬಹುದು. ಹವಳದ ದಿಬ್ಬದ ಹೊರಗೆ ಹಡಗು ನಿಂತರೆ ಸಣ್ಣ ದೋಣಿಗೆ ಇಳಿದು ದಡ ಸೇರಬೇಕು. ಅದೇ ಹಳೆಯ ಪಡಾವಿನ ಅನುಭವ. ಮಿನಿಕಾಯಿಯಲ್ಲಿ 1885ರ ದೀಪಸ್ತಂಭವಿದೆ, ಮಹಲ್ ಎಂಬ ಬೇರೆಯೇ ಭಾಷೆಯಿದೆ, ಜಗತ್ತಿನ ಸರಕುಹಡಗುಗಳಲ್ಲಿ ತಲೆಮಾರುಗಳಿಂದ ದುಡಿದು ಬಂದ ನಾವಿಕರ ಮನೆಗಳಿವೆ.

ಈ ದ್ವೀಪಗಳು ಕನ್ನಡಿಗರಿಗೆ ಪರಕೀಯವೂ ಅಲ್ಲ. ಅಮೀನಿ, ಕದ್ಮತ್, ಕಿಲ್ತಾನ್ ಮೊದಲಾದ ಉತ್ತರದ ದ್ವೀಪಗಳು ಬಹುಕಾಲ ಮಂಗಳೂರಿನ ಕಲೆಕ್ಟರರ ಅಧೀನದಲ್ಲಿದ್ದವು. ಅಲ್ಲಿನ ನಾರು ಮಂಗಳೂರಿಗೆ ಬಂದು ಅಕ್ಕಿಯಾಗಿ ಮರಳುತ್ತಿತ್ತು. 1956ರ ನವೆಂಬರ್ 1ರಂದು ನಮ್ಮ ವಿಜಾಪುರ ಮುಂಬಯಿ ರಾಜ್ಯ ಬಿಟ್ಟು ಕನ್ನಡ ನಾಡಿಗೆ ಸೇರಿತು. ಅದೇ ದಿನ ಆ ದ್ವೀಪಗಳು ಮಂಗಳೂರನ್ನು ಬಿಟ್ಟು ಕೇಂದ್ರಾಡಳಿತಕ್ಕೆ ಹೋದವು. ನಾವು ಏಕೀಕರಣದ ಸಂಭ್ರಮದಲ್ಲಿ ಅವರನ್ನು ಬೀಳ್ಕೊಡುವುದನ್ನೂ ಮರೆತೆವೆಂದು ಕಾಣುತ್ತದೆ.

ಸರಕಾರೀ ಹಡಗಿನ ವಕೀಲಿಕೆ ಮಾಡುವವನು ಅದರ ದೋಷಗಳನ್ನೂ ಹೇಳಬೇಕು. ಊಟ ಸಾದಾ. ಕೋಣೆ ಸಾದಾ. ಹವೆ ಕೆಟ್ಟರೆ ಹೊರಡುವ ದಿನ ಮುಂದೆ ಹೋಗುತ್ತದೆ. ದ್ವೀಪ ಮುಟ್ಟಲು ಪರವಾನಗಿ ಬೇಕು, ಅದಕ್ಕೆ ಅರ್ಜಿ, ಫೋಟೋ, ಕಾಯುವಿಕೆ. ವಿಜಯಪುರದಿಂದ ಕೊಚ್ಚಿಗೆ ಹೋಗುವುದೇ ಒಂದು ಯಾತ್ರೆ. ಬಂಗಾರಂ ದ್ವೀಪವೊಂದನ್ನು ಬಿಟ್ಟರೆ ಮದ್ಯ ನಿಷಿದ್ಧ. ಕೆಲವರಿಗೆ ಇದೇ ದೊಡ್ಡ ದೋಷವಾಗಿ ತೋರೀತು. ಅಷ್ಟಾದರೂ ಎಲ್ಲ ಸೇರಿ ಸುಮಾರು 32 ಚದರ ಕಿಲೋಮೀಟರಿನಷ್ಟೇ ಇರುವ, ಮರಳಿನ ಕೆಳಗಿನ ತೆಳುವಾದ ಸಿಹಿನೀರನ್ನೇ ನಂಬಿದ ಆ ದ್ವೀಪಗಳಿಗೆ ಸಾವಿರಾರು ಜನರನ್ನು ಒಮ್ಮೆಗೇ ಸುರಿಯುವ ಹಡಗಿಗಿಂತ ಇದು ಲೇಸು. ವೆನಿಸ್ ನಗರದ ನಡುಗಾಲುವೆಯೊಳಗೆ ಬರುತ್ತಿದ್ದ ದೊಡ್ಡ ಹಡಗುಗಳನ್ನು ಇಟಲಿಯ ಸರಕಾರ 2021ರ ಆಗಸ್ಟಿನಿಂದ ಹೊರಗಿಟ್ಟಿತು. ಅಷ್ಟು ಶ್ರೀಮಂತ ಊರಿಗೇ ಸಾಕಾಗಿತ್ತು.

ಇಷ್ಟನ್ನೂ ಕಾಕಾನ ಮುಂದೆ ಹೇಳಿದೆ. ಅವನು ಪೂರ್ತಿ ಒಪ್ಪಿದನೆಂದು ಹೇಳಲಾರೆ. "ಮಂದಿಗೆ ಫೋಟೋ ತೋರಸಿದ್ರ, ಇದೇನು ಮೀನಗಾರರ ದೋಣ್ಯಾಗ ಕುಂತಾನ ಅಂತಾರ" ಎಂದು ಗೊಣಗಿದ. ಪುಸ್ತಿಕೆಗಳನ್ನು ಮಾತ್ರ ನಮ್ಮ ಮನೆಯಲ್ಲಿಯೇ ಬಿಟ್ಟುಹೋದ. ಈಗ ಉಳಿದಿರುವುದು ತಿಥಿಯ ತೊಡಕು. ಅಕ್ಟೋಬರಿನಲ್ಲಿ ದ್ರಾಕ್ಷಿಯ ಚಾಟ್ನಿ. ಆಮೇಲೆ ಹಣ್ಣು, ಕೊಯ್ಲು, ಒಣಗಿಸುವ ಶೆಡ್ಡು. ಏಪ್ರಿಲಿನಲ್ಲಿ ಮತ್ತೆ ಚಾಟ್ನಿ. ಕಾಕಾನಿಗೆ ಉಸಿರಾಡಲು ಬಿಡುವು ದೊರೆಯುವುದು ಮಳೆಗಾಲದಲ್ಲಿ. ಪಶ್ಚಿಮದ ಸಮುದ್ರ ಕೆರಳಿ ಈ ಪ್ರವಾಸ ನಿಲ್ಲುವುದೂ ಆಗಲೇ.

"ಚಾಟ್ನಿಗೆ ಆಳು ಹಚ್ಚಿ ಎಂಟು ದಿನ ಬಿಟ್ಟು ಬಂದ್ರ ಬಳ್ಳಿ ಏನು ಎದ್ದು ಓಡಿಹೋಗತಾವೇನು?" ಎಂದು ಕಾಕು ಕೇಳಿದ್ದಾಳಂತೆ. ಕಾಕಾ ಇನ್ನೂ ಉತ್ತರ ಕೊಟ್ಟಿಲ್ಲ.