ಮೋರಿಗೆ ಬಣ್ಣ ಬಳಿದಾಯಿತು, ಹುಳು ಎಣಿಸುವವರು ಯಾರು?

ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ವೃಷಭಾವತಿ ಹುಟ್ಟುತ್ತಾಳೆ ಎಂಬುದು ತಲೆಮಾರುಗಳ ನಂಬಿಕೆ. ತ್ಯಾಗರಾಜನಗರದವರಿಗೆ ಆ ಗುಡ್ಡ ಸಂಜೆಯ ವಾಕಿಂಗ್‌ನಷ್ಟೇ ದೂರ. ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆಗೆ ಮನೆಮಂದಿಯೆಲ್ಲ ನಡೆದೇ ಹೋಗಿಬರುತ್ತಾರೆ. ದೇವರ ಪಾದದಲ್ಲಿ ಹುಟ್ಟಿದ ಈ ನದಿ ಮೈಸೂರು ರಸ್ತೆಯ ಪಕ್ಕಕ್ಕೆ ಬರುವ ಹೊತ್ತಿಗೆ ಬಸ್ಸಿನ ಕಿಟಕಿ ಮುಚ್ಚಿಸುವ ಕಪ್ಪು ನೀರಾಗಿರುತ್ತದೆ. ಕೆಂಗೇರಿ, ಬಿಡದಿ ದಾಟಿ ಬೈರಮಂಗಲ ಕೆರೆ ಸೇರಿ, ಅಲ್ಲಿಂದ ಕನಕಪುರದ ಕಡೆಗೆ ಅರ್ಕಾವತಿಗೆ ಬಿದ್ದು, ಸಂಗಮದಲ್ಲಿ ಕಾವೇರಿಯಾಗುತ್ತದೆ. ಬೆಂಗಳೂರಿಗೆ ಕುಡಿಯುವ ನೀರೆತ್ತುವ ತೊರೆಕಾಡನಹಳ್ಳಿ ಸಂಗಮಕ್ಕಿಂತ ಮೇಲಿದೆ. ಅದು ನಗರದವರ ಪುಣ್ಯ. ಬೈರಮಂಗಲದ ರೈತರಿಗೆ ಆ ಪುಣ್ಯವಿಲ್ಲ.

ನಗರದ ದಿಣ್ಣೆಯ ಪೂರ್ವ ಮಗ್ಗುಲಿಗೆ ಬಿದ್ದ ಮಳೆಯ ದಾರಿಯೇ ಬೇರೆ. ಅದು ಕೋರಮಂಗಲ ಕಣಿವೆಗೆ ಇಳಿದು, ಬೆಳ್ಳಂದೂರು, ವರ್ತೂರು ಕೆರೆಗಳನ್ನು ಹಾದು ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಬೆಂಗಳೂರಿನಲ್ಲಿ ಎಂಟುನೂರು ಕಿಲೋಮೀಟರಿಗೂ ಹೆಚ್ಚು ರಾಜಕಾಲುವೆಗಳಿವೆ. ಅವುಗಳಲ್ಲಿ ಒಂದನ್ನು ಮತ್ತೆ ತೊರೆಯಾಗಿಸುವ ದೊಡ್ಡ ಪ್ರಯತ್ನ ನಡೆದಿರುವುದು ಈ ಪೂರ್ವದ ಕಣಿವೆಯಲ್ಲೇ. ಮೆಜೆಸ್ಟಿಕ್ ಬಳಿಯ ಶಾಂತಲಾ ಸಿಲ್ಕ್ಸ್ ಜಂಕ್ಷನ್‌ನಿಂದ ಶಾಂತಿನಗರ, ಕೋರಮಂಗಲದ ಮೂಲಕ ಬೆಳ್ಳಂದೂರಿನವರೆಗೆ ಸಾಗುವ ಕಾಲುವೆಗೆ ಕೆ-100 ಎಂದು ಹೆಸರಿಟ್ಟು, ನೂರೈವತ್ತು ಕೋಟಿ ರೂಪಾಯಿಗೂ ಮೀರಿದ ಅಂದಾಜಿನಲ್ಲಿ ಕೆಲಸ ಆರಂಭಿಸಲಾಯಿತು. ಕೊಳಚೆಯನ್ನು ಬೇರೆ ಕೊಳವೆಗೆ ತಿರುಗಿಸುವುದು, ಶುದ್ಧೀಕರಿಸಿದ ನೀರನ್ನು ಕಾಲುವೆಯಲ್ಲಿ ಹರಿಸುವುದು, ದಡದಲ್ಲಿ ಜನ ಓಡಾಡಲು ದಾರಿ ಮಾಡುವುದು ಯೋಜನೆಯ ತಿರುಳು. ಮಾದರಿ ದಕ್ಷಿಣ ಕೊರಿಯಾದ ಸೋಲ್ ನಗರದ ಚೆಯೊಂಗ್ಯೆಚೆಯೊನ್ ತೊರೆ.

ಕೆ-100ರ ದಡದಲ್ಲಿ ಕಲ್ಲು ಹಾಸಾಯಿತು, ಕಟಾಂಜನ ಬಂತು, ದೀಪ ಹತ್ತಿತು, ಫೋಟೊಗಳೂ ಬಂದವು. ಕೊಳಚೆ ಮತ್ತೆ ಸೇರುತ್ತಿದೆ, ವಾಸನೆ ಹೋಗಿಲ್ಲ ಎಂಬ ದೂರುಗಳೂ ಅದರ ಹಿಂದೆಯೇ ಬಂದವು. ಒಬ್ಬರು ಚೆನ್ನಾಗಿದೆ ಎನ್ನುತ್ತಾರೆ, ಇನ್ನೊಬ್ಬರು ನಾರುತ್ತಿದೆ ಎನ್ನುತ್ತಾರೆ. ಇಬ್ಬರ ಜಗಳ ಬಿಡಿಸಲು ಬೇಕಾದದ್ದು ಅಂಕಿ. ಆ ಅಂಕಿ ಕಾಲುವೆಯ ದಡದಲ್ಲಿ ನಿಂತ ಸಾಮಾನ್ಯ ಮನುಷ್ಯನ ಕೈಗೆ ಸಿಗುವಂತಿಲ್ಲ.

ಸೋಲ್‌ನಿಂದ ನಕಲು ಮಾಡಬೇಕಾದದ್ದು ಈ ಅಂಕಿ ಇಡುವ ಪದ್ಧತಿಯನ್ನು. ಅಲ್ಲಿ ತೊರೆಯ ಮೇಲಿದ್ದ ಎತ್ತರದ ಹೆದ್ದಾರಿಯನ್ನು ಕೆಡವಿ, 2003ರಿಂದ 2005ರವರೆಗೆ ಕೆಲಸ ಮಾಡಿ, ಸುಮಾರು 5.8 ಕಿಲೋಮೀಟರ್ ನೀರನ್ನು ಬೆಳಕಿಗೆ ತಂದರು. ಕೆಲಸಕ್ಕೆ ಮುಂಚೆಯೇ ಅಲ್ಲಿ ಬದುಕಿದ್ದ ಜೀವಗಳ ಲೆಕ್ಕ ಹಿಡಿದಿದ್ದರು, ಮುಗಿದ ಮೇಲೂ ಎಣಿಸುತ್ತ ಹೋದರು. ಹಾಗಾಗಿ 2003ರಲ್ಲಿ 4 ಇದ್ದ ಮೀನಿನ ಜಾತಿಗಳು 2008ಕ್ಕೆ 25 ಆದವು, ನೀರಿನ ತಳದ ಅಕಶೇರುಕಗಳು 5ರಿಂದ 53ಕ್ಕೆ, ಹಕ್ಕಿಗಳು 6ರಿಂದ 36ಕ್ಕೆ ಏರಿದವು ಎಂದು ಇಂದು ಹೇಳಲು ಸಾಧ್ಯವಾಗಿದೆ. ಆ ತೊರೆಗೆ ಟೀಕಾಕಾರರಿಲ್ಲ ಎಂದಲ್ಲ. ದಿನಕ್ಕೆ ಸುಮಾರು 1,20,000 ಟನ್ ನೀರನ್ನು ಹಾನ್ ನದಿಯಿಂದಲೂ ಮೆಟ್ರೊ ಸುರಂಗಗಳ ಅಂತರ್ಜಲದಿಂದಲೂ ಪಂಪ್ ಮಾಡಿ ಹರಿಸುವ ತೊರೆಯನ್ನು ಸಹಜವೆನ್ನಲಾದೀತೇ ಎಂಬ ಪ್ರಶ್ನೆ ಅಲ್ಲಿಯೂ ಇದೆ. ಆದರೆ ವಾದ ಮಾಡುವವರ ಮುಂದೆ ಲೆಕ್ಕದ ಪುಸ್ತಕವಿದೆ. ಬೆಂಗಳೂರು ಕಲ್ಲುಹಾಸನ್ನು ತಂದು ಪುಸ್ತಕವನ್ನು ಅಲ್ಲೇ ಬಿಟ್ಟು ಬಂದಿದೆ.

ಅಳೆಯುವ ಮಾನದಂಡ ಇಲ್ಲವೇ? ಇದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನೀರನ್ನು ಅದರ ಬಳಕೆಗೆ ತಕ್ಕಂತೆ ಎ ಇಂದ ಇ ವರೆಗೆ ಐದು ವರ್ಗ ಮಾಡಿದೆ. ಎ ಎಂದರೆ ಸೋಂಕು ನಿವಾರಣೆಯಷ್ಟೇ ಸಾಕಾಗುವ ಕುಡಿಯುವ ನೀರಿನ ಮೂಲ, ಬಿ ಎಂದರೆ ಸ್ನಾನಕ್ಕೆ ಆಗುವಂಥದ್ದು, ಇ ಎಂದರೆ ಹೊಲಕ್ಕೆ, ಕಾರ್ಖಾನೆಗೆ ಬಿಡಬಹುದಾದದ್ದು. ನಗರದ ತೊರೆಗೆ ಹೊಂದುವುದು ಡಿ ವರ್ಗ: ಮೀನು ಮತ್ತು ಇತರ ಜೀವಿಗಳು ಬದುಕುವ ನೀರು. ಅದರ ಷರತ್ತುಗಳು ಮೂರೇ. ಪಿಎಚ್ 6.5ರಿಂದ 8.5ರೊಳಗೆ ಇರಬೇಕು, ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ ಕರಗಿರಬೇಕು, ಮುಕ್ತ ಅಮೋನಿಯಾ 1.2 ಮಿಲಿಗ್ರಾಂ ಮೀರಬಾರದು.

ಈಗ ಕಾಲುವೆಗೆ ಬಿಡುವ ಶುದ್ಧೀಕರಿಸಿದ ನೀರಿನ ಕಡೆಗೆ ನೋಡೋಣ. 2017ರ ಅಕ್ಟೋಬರ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಕೊಳಚೆ ಶುದ್ಧೀಕರಣ ಘಟಕಗಳಿಗೆ ಹೊರಡಿಸಿದ ಮಾನದಂಡದಲ್ಲಿ ಇರುವುದು ನಾಲ್ಕು ಅಂಶ: ಪಿಎಚ್, ಬಿಒಡಿ (ಕೊಳೆಯನ್ನು ಕರಗಿಸಲು ಬ್ಯಾಕ್ಟೀರಿಯಾಗಳಿಗೆ ಬೇಕಾಗುವ ಆಮ್ಲಜನಕ), ತೇಲುವ ಕಣಗಳು, ಮಲಮೂಲದ ಬ್ಯಾಕ್ಟೀರಿಯಾ. ಕರಗಿದ ಆಮ್ಲಜನಕದ ಸಾಲೇ ಅದರಲ್ಲಿಲ್ಲ, ಅಮೋನಿಯಾವೂ ಇಲ್ಲ. ಹಸಿರು ನ್ಯಾಯಮಂಡಳಿ 2019ರಲ್ಲಿ ಮಿತಿಗಳನ್ನು ಬಿಗಿ ಮಾಡಲು ಹೇಳಿತು, ಅದು ಬೇರೆ ಮಾತು. ಒಟ್ಟಿನಲ್ಲಿ, ಘಟಕದ ಗೇಟಿನಲ್ಲಿ ಪಾಸಾದ ನೀರು ಕಾಲುವೆಯಲ್ಲಿ ಮೀನನ್ನು ಉಸಿರುಗಟ್ಟಿಸಬಹುದು, ಮತ್ತು ಯಾರೂ ಆ ಮಾನದಂಡವನ್ನು ಮುರಿದಿರುವುದಿಲ್ಲ.

ಅಳತೆಯ ಹೊತ್ತು ಇನ್ನೂ ದೊಡ್ಡ ಸಮಸ್ಯೆ. ಅಳೆಯುವವರು ಸರ್ಕಾರಿ ಸಮಯಕ್ಕೆ, ಬೆಳಗಿನ ತಿಂಡಿಯಾದ ಮೇಲೆ ಬರುತ್ತಾರೆ. ಪಾಚಿ ತುಂಬಿದ ನೀರಿಗೆ ಅದು ಅನುಕೂಲದ ಗಳಿಗೆ. ಬಿಸಿಲಿನಲ್ಲಿ ಪಾಚಿ ಆಮ್ಲಜನಕ ಉಗುಳುತ್ತಿರುತ್ತದೆ. ಬೆಂಗಳೂರಿನ ಸುಮಾರು 900 ಮೀಟರ್ ಎತ್ತರದಲ್ಲಿ, 25 ಡಿಗ್ರಿ ಶಾಖದಲ್ಲಿ, ಗಾಳಿಯಿಂದ ನೀರಿಗೆ ಕರಗಬಹುದಾದ ಆಮ್ಲಜನಕ ಲೀಟರಿಗೆ ಏಳೂವರೆ ಮಿಲಿಗ್ರಾಮಿನ ಆಸುಪಾಸು. ಹಸಿರುಗಟ್ಟಿದ ನೀರಿನಲ್ಲಿ ಮಧ್ಯಾಹ್ನ ಮೀಟರ್ ಇಟ್ಟರೆ ಅದಕ್ಕಿಂತ ಹೆಚ್ಚೇ ತೋರಿಸಬಹುದು. ವರದಿಯಲ್ಲಿ ಅದು ಸೊಗಸಾದ ಅಂಕಿ. ಕತ್ತಲಾದ ಮೇಲೆ ಅದೇ ಪಾಚಿ, ತಳದ ಕೆಸರು, ಬ್ಯಾಕ್ಟೀರಿಯಾ ಎಲ್ಲವೂ ಸೇರಿ ಆಮ್ಲಜನಕವನ್ನು ಹೀರುತ್ತವೆ. ಸೂರ್ಯ ಹುಟ್ಟುವ ಮುಂಚಿನ ಗಂಟೆಯಲ್ಲಿ ಮಟ್ಟ ಸೊನ್ನೆಯ ಬಳಿ ಬಂದಿರಬಹುದು. ಮೀನು ಸಾಯುವುದು ಆಗ. ಬೆಳಿಗ್ಗೆ ವಾಕಿಂಗ್‌ಗೆ ಬಂದವರು ತೇಲುವ ಹೆಣಗಳನ್ನು ಕಂಡು ಫೋನ್ ಮಾಡುತ್ತಾರೆ, ಅಧಿಕಾರಿ ಬಂದು ನೀರು ಹಿಡಿಯುವ ಹೊತ್ತಿಗೆ ಬಿಸಿಲು ಏರಿ ಸಾಕ್ಷ್ಯವೇ ತಿದ್ದಿಹೋಗಿರುತ್ತದೆ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದ್ದನ್ನು ಊರು ಇನ್ನೂ ಮರೆತಿಲ್ಲ.

ಅಮೋನಿಯಾದ ಆಟ ಇದಕ್ಕೆ ತದ್ವಿರುದ್ಧ. ಕೊಳಚೆ ನೀರಿನಲ್ಲಿರುವ ಅಮೋನಿಯಾ ಎಲ್ಲವೂ ವಿಷವಲ್ಲ. 25 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ನೂರರಲ್ಲಿ ಒಂದು ಪಾಲೂ ಮುಕ್ತ ರೂಪದಲ್ಲಿ ಇರುವುದಿಲ್ಲ. ಪಿಎಚ್ 9ಕ್ಕೆ ಏರಿದರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮುಕ್ತವಾಗಿ ಮೀನಿನ ಕಿವಿರಿಗೆ ಹೊಡೆತ ಕೊಡುತ್ತದೆ. ಪಾಚಿಯ ನೀರಿನಲ್ಲಿ ಪಿಎಚ್ ಏರುವುದು ಇಳಿಹೊತ್ತಿಗೆ. ಅಂದರೆ ಒಂದೇ ತೊರೆಯಲ್ಲಿ ಮಧ್ಯಾಹ್ನಕ್ಕೆ ಒಂದು ಅಪಾಯ, ನಸುಕಿಗೆ ಇನ್ನೊಂದು. ತಿಂಗಳಿಗೊಮ್ಮೆ ಒಂದು ಬಾಟಲಿ ನೀರು ತುಂಬಿಕೊಂಡು ಹೋದರೆ ಎರಡೂ ತಪ್ಪಿಸಿಕೊಳ್ಳುತ್ತವೆ. ರಾತ್ರಿ ಟ್ಯಾಂಕರ್ ತಂದು ಕಾಲುವೆಗೆ ಸುರಿಯುವವನೂ ತಪ್ಪಿಸಿಕೊಳ್ಳುತ್ತಾನೆ.

ತಪ್ಪಿಸಿಕೊಳ್ಳಲಾಗದೆ ಇರುವವು ನೀರಿನ ತಳದ ಹುಳುಗಳು. ಅವು ಹಗಲು ರಾತ್ರಿ ಅಲ್ಲೇ ಇರುತ್ತವೆ, ಬಂದ ವಿಷವನ್ನೆಲ್ಲ ಉಣ್ಣುತ್ತವೆ. ಯಾವ ಹುಳು ಉಳಿದಿದೆ, ಯಾವುದು ಹೋಗಿದೆ ಎಂದು ನೋಡಿದರೆ ಹಿಂದಿನ ಹಲವು ವಾರಗಳ ಸಮಾಚಾರ ಸಿಗುತ್ತದೆ. ಕಲ್ಲಿನಡಿ ಮೇಫ್ಲೈ ಮರಿಗಳಿದ್ದರೆ ನೀರು ತಿಳಿಯಾಗಿಯೂ ಆಮ್ಲಜನಕ ತುಂಬಿಯೂ ಇದೆ ಎಂದರ್ಥ. ಏರೋಪ್ಲೇನ್ ಚಿಟ್ಟೆಯ ಮರಿಗಳು, ಬಸವನಹುಳು ಸಿಕ್ಕರೆ ಪರವಾಗಿಲ್ಲ. ಬರೀ ಕೆಂಪು ಹುಳುಗಳೇ ತುಂಬಿದ್ದರೆ ಪರಿಸ್ಥಿತಿ ಕೆಟ್ಟಿದೆ. ಉಸಿರು ಸಿಗದ ಕೆಸರಿನಲ್ಲೂ ಬದುಕಲು ಅವುಗಳ ಮೈಯಲ್ಲಿ ಹಿಮೋಗ್ಲೋಬಿನ್ ಇದೆ, ಬಣ್ಣವೂ ಅದರದ್ದೇ. ಬಾಲವನ್ನೇ ಕೊಳವೆ ಮಾಡಿಕೊಂಡು ಮೇಲಿನ ಗಾಳಿ ಎಳೆಯುವ ಮರಿಹುಳು ಮಾತ್ರ ಕಂಡರೆ ಅಲ್ಲಿ ಉಳಿದವರಿಗೆ ಜಾಗವಿಲ್ಲ. ಇದು ಹವ್ಯಾಸಿಗಳ ಕಾಲಕ್ಷೇಪವಲ್ಲ. ಕೇಂದ್ರ ಮಂಡಳಿಯ ಬಳಿಯೇ ಜೈವಿಕ ಮಾನದಂಡವಿದೆ: ತಳಜೀವಿಗಳ ಕುಟುಂಬಗಳಿಗೆ ಹತ್ತರವರೆಗೆ ಅಂಕ ಕೊಟ್ಟು, ಅವುಗಳ ವೈವಿಧ್ಯವನ್ನೂ ಲೆಕ್ಕ ಹಾಕಿ ನೀರಿಗೆ ದರ್ಜೆ ಕೊಡುವ ಪದ್ಧತಿ. ನಗರದ ಕಾಲುವೆಗಳಿಗೆ ಅದು ಇಳಿದು ಬಂದಿಲ್ಲ.

ಇಂಗ್ಲೆಂಡಿನಲ್ಲಿ ಗಾಳ ಹಾಕುವ ಹವ್ಯಾಸಿಗಳೇ ಈ ಕೆಲಸ ಹಿಡಿದುಕೊಂಡಿದ್ದಾರೆ. ತಿಂಗಳಿಗೊಮ್ಮೆ ನಿಗದಿಯಾದ ಜಾಗದಲ್ಲಿ ಬಲೆ ಹಾಕಿ ಎಂಟು ಗುಂಪಿನ ಹುಳುಗಳನ್ನು ಎಣಿಸುತ್ತಾರೆ. ಗೊತ್ತುಮಾಡಿದ ಸಂಖ್ಯೆಗಿಂತ ಕಡಿಮೆಯಾದರೆ ಪರಿಸರ ಇಲಾಖೆಗೆ ಸುದ್ದಿ ಹೋಗುತ್ತದೆ. 2013ರ ಜುಲೈನಲ್ಲಿ ಕೆನೆಟ್ ನದಿಯಲ್ಲಿ ಹೀಗೆ ಎಣಿಸಲು ಹೋದವರ ತಟ್ಟೆಗೆ ಹುಳುವೇ ಬರಲಿಲ್ಲ. ಹುಡುಕಿದಾಗ ಸಿಕ್ಕಿದ್ದು ಕ್ಲೋರೊಪೈರಿಫಾಸ್, ಇಲ್ಲಿನ ರೈತರಿಗೂ ಅಂಗಡಿಯವರಿಗೂ ಚೆನ್ನಾಗಿ ಗೊತ್ತಿರುವ ಕೀಟನಾಶಕ. ಸುಮಾರು 15 ಕಿಲೋಮೀಟರ್ ಉದ್ದಕ್ಕೆ ತಳದ ಜೀವ ಹೋಗಿತ್ತು. ಹುಳು ಎಣಿಸುವ ಸ್ವಯಂಸೇವಕರು ಇರದಿದ್ದರೆ ಅದು ಯಾರ ಗಮನಕ್ಕೂ ಬರುತ್ತಿರಲಿಲ್ಲ.

‘ಮೋರಿಯಲ್ಲಿ ಮೀನು ಯಾಕಪ್ಪಾ, ವಾಸನೆ ಹೋದರೆ ಸಾಕು, ಸೊಳ್ಳೆ ಕಡಿಮೆಯಾದರೆ ಸಾಕು’ ಎನ್ನುವವರು ಬಡಾವಣೆಗಳಲ್ಲಿ ಬಹಳ. ಅವರ ಮಾತನ್ನು ತಳ್ಳಿಹಾಕಬೇಕಾಗಿಲ್ಲ. ಕೊಳೆತ ಮೊಟ್ಟೆಯ ನಾತ ಬರುವುದೇ ಆಮ್ಲಜನಕ ತೀರಿಹೋದ ನೀರಿನಿಂದ. ಕ್ಯೂಲೆಕ್ಸ್ ಸೊಳ್ಳೆ ಹುಲುಸಾಗಿ ಬೆಳೆಯುವುದು, ಅದರ ಮರಿಗಳನ್ನು ತಿನ್ನುವ ಮೀನು, ಏರೋಪ್ಲೇನ್ ಚಿಟ್ಟೆಯ ಮರಿಗಳು ಬದುಕಲಾರದ ನಿಂತ ಕೊಳಚೆಯಲ್ಲಿ. ಲೀಟರಿಗೆ 4 ಮಿಲಿಗ್ರಾಂ ಎಂಬ ಅಂಕಿ ಮೀನಿಗೆಷ್ಟು ಬೇಕೋ ಮೂಗಿಗೂ ಅಷ್ಟೇ ಬೇಕು.

ಹಾಗೆಂದು ಮೀನು ಕಂಡ ಕೂಡಲೇ ವಿಡಿಯೊ ಹಾಕಿ ಸಂಭ್ರಮಿಸುವುದೂ ಅವಸರದ ಕೆಲಸ. ಜಿಲೇಬಿ ಮೀನು ಎಂಥ ನೀರಿನಲ್ಲೂ ಸಂಸಾರ ಮಾಡುತ್ತದೆ. ಆಫ್ರಿಕನ್ ಕ್ಯಾಟ್‌ಫಿಶ್ ಗಾಳಿಯನ್ನೇ ನೇರ ಉಸಿರಾಡಬಲ್ಲದು. ಸೊಳ್ಳೆ ತಿನ್ನಲೆಂದು ಬಿಟ್ಟ ಗಪ್ಪಿ, ಗಂಬೂಸಿಯಾಗಳು ನೀರಿನ ಮೇಲ್ಪದರದಲ್ಲಿ ಇರುವಷ್ಟು ಆಮ್ಲಜನಕದಲ್ಲೇ ಕಾಲ ಹಾಕುತ್ತವೆ. ಇವು ಹೊರಗಿನಿಂದ ಬಂದ ಗಟ್ಟಿ ಜೀವಗಳು. ಯಾವ ಜಾತಿ ಎಂದು ಬರೆಯದ ಮೀನಿನ ಲೆಕ್ಕಕ್ಕೆ ಬೆಲೆಯಿಲ್ಲ. ತಳಕ್ಕೂ ಕಾಂಕ್ರೀಟ್ ಸುರಿದು, ಮಳೆಗಾಲಕ್ಕೆ ಮುಂಚೆ ಪ್ರತಿವರ್ಷ ಜೆಸಿಬಿ ಇಳಿಸಿ ಹೂಳೆತ್ತುವ ಕಾಲುವೆಯಲ್ಲಿ ಹುಳು ಅಡಗಲು ಜಾಗವಾದರೂ ಎಲ್ಲಿದೆ ಎಂಬುದನ್ನೂ ಕೇಳಬೇಕು.

ಕೆರೆಗಳ ವಿಷಯದಲ್ಲಿ ದಕ್ಷಿಣ ಬೆಂಗಳೂರಿಗೆ ಒಂದಿಷ್ಟು ಅನುಭವವಿದೆ. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯನ್ನು ಅಲ್ಲಿನ ನಿವಾಸಿಗಳೇ 2010ರಲ್ಲಿ ಟ್ರಸ್ಟ್ ಮಾಡಿಕೊಂಡು, ಮರುವರ್ಷ ಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡು ನೋಡಿಕೊಂಡರು. ಪಕ್ಕದ ಸೌತ್ ಸಿಟಿ ಅಪಾರ್ಟ್‌ಮೆಂಟ್‌ನ ಶುದ್ಧೀಕರಿಸಿದ ನೀರು ಅದಕ್ಕೆ ಬರುತ್ತದೆ. ಹಕ್ಕಿಗಳ ಪಟ್ಟಿ ಬೆಳೆಯುತ್ತ ಹೋಗಿದೆ. ತ್ಯಾಗರಾಜನಗರದ ಪಕ್ಕದ ಯಡಿಯೂರು ಕೆರೆಯಲ್ಲಿ ಗಣೇಶನ ವಿಸರ್ಜನೆಗೆ ಬೇರೆಯೇ ಕಲ್ಯಾಣಿಯಿದೆ. ವಿಸರ್ಜನೆಗೆ ಮುಂಚೆ, ಆ ಹೊತ್ತಿನಲ್ಲಿ, ಆಮೇಲೆ ಎಂದು ಮೂರು ಹಂತದಲ್ಲಿ ನೀರು ಪರೀಕ್ಷಿಸಬೇಕು ಎಂದು ಕೇಂದ್ರ ಮಂಡಳಿಯ ಮಾರ್ಗಸೂಚಿ ಹೇಳುತ್ತದೆ. ಹಬ್ಬದ ಕೆಲವು ದಿನಗಳಿಗೆ ಇಷ್ಟು ಜಾಗ್ರತೆ ಇದೆ. ವರ್ಷವಿಡೀ ಹರಿಯುವ ಕಾಲುವೆಗೆ ಇಲ್ಲ.

ಇಲ್ಲದಿರಲು ಕಾರಣ ಹಣವಲ್ಲ, ಹೊಣೆ ಹರಿದು ಹಂಚಿಹೋಗಿರುವುದು. ಕಾಲುವೆಯ ಗೋಡೆ ಪಾಲಿಕೆಯದ್ದು, ಅದರಲ್ಲಿ ಸೇರುವ ಕೊಳಚೆ ಜಲಮಂಡಳಿಯದ್ದು, ಪರೀಕ್ಷೆ ಮಾಲಿನ್ಯ ನಿಯಂತ್ರಣ ಮಂಡಳಿಯದ್ದು, ಮೀನು ಮೀನುಗಾರಿಕೆ ಇಲಾಖೆಯದ್ದು. ಹುಳುವಂತೂ ಯಾರದ್ದೂ ಅಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳು ಬಂದ ಮೇಲೆ ಒಂದೇ ನೀರು ಪಾಲಿಕೆಯಿಂದ ಪಾಲಿಕೆಗೆ ಹರಿಯುವಂತಾಗಿದೆ. ಈಚೆಯವರು ಆಚೆಯವರ ಕಡೆ ಬೆರಳು ತೋರಿಸಲು ಇನ್ನೊಂದು ಗಡಿ ಸಿಕ್ಕಿತು. ಆದ್ದರಿಂದ ಪ್ರತಿ ಪಾಲಿಕೆಯ ಗಡಿಯಲ್ಲಿ, ಪ್ರತಿ ದೊಡ್ಡ ಕಾಲುವೆ ಕೂಡುವಲ್ಲಿ, ಒಂದೊಂದು ಅಳತೆಯ ಜಾಗ ಗೊತ್ತುಮಾಡಿ, ಅಲ್ಲಿ ಹಗಲು ರಾತ್ರಿ ಆಮ್ಲಜನಕ, ಪಿಎಚ್, ವಾಹಕತೆ ದಾಖಲಿಸುವ ಮೀಟರ್ ಕೂರಿಸುವುದು ಮೊದಲ ಕೆಲಸವಾಗಬೇಕು. ಅಂಕಿ ಅದೇ ದಿನ ಜನರಿಗೆ ಕಾಣಬೇಕು.

ಹುಳುಗಳ ಎಣಿಕೆಗೆ ದುಬಾರಿ ಪ್ರಯೋಗಾಲಯ ಬೇಡ. ಬಲೆ, ಬಿಳಿ ತಟ್ಟೆ, ಭೂತಗನ್ನಡಿ, ಕೈಗವಸು, ತರಬೇತಿ ಪಡೆದ ಒಬ್ಬ ಮೇಷ್ಟ್ರು ಇದ್ದರೆ ನಡೆಯುತ್ತದೆ. ಬಸವನಗುಡಿಯ ನ್ಯಾಷನಲ್ ಕಾಲೇಜು, ಜಯನಗರದ ವಿಜಯಾ ಕಾಲೇಜು ಹತ್ತಿರದಲ್ಲೇ ಇವೆ. ಪ್ರಾಣಿಶಾಸ್ತ್ರದ ಮಕ್ಕಳಿಗೆ ಫಾರ್ಮಲಿನ್ ಶೀಶೆಯಲ್ಲಿ ಹುಳು ತೋರಿಸುವ ಬದಲು ಕಾಲುವೆಯ ದಡಕ್ಕೆ ಕಳಿಸಿ, ಅವರ ಲೆಕ್ಕವನ್ನು ಮಂಡಳಿ ಅಧಿಕೃತವಾಗಿ ಸ್ವೀಕರಿಸಲಿ. ಮೊದಲ ಎಣಿಕೆ ಮುಂಗಾರಿಗೆ ಮುಂಚೆ, ಏಪ್ರಿಲ್‌ನಲ್ಲೇ ಆಗಬೇಕು. ಮೊದಲ ಜೋರು ಮಳೆ ಬೀದಿಯ ಕೊಳೆಯನ್ನೆಲ್ಲ ಒಮ್ಮೆಲೇ ತಂದು ಸುರಿದು ತಳದ ಕೆಸರನ್ನು ಕದಡಿದಾಗ ಏನು ಉಳಿಯಿತು ಎಂಬುದು ಆಗಷ್ಟೇ ಗೊತ್ತಾಗುತ್ತದೆ.

ಕೊನೆಯದು ಗುತ್ತಿಗೆಯ ಪ್ರಶ್ನೆ. ವೃಷಭಾವತಿಯನ್ನೋ ಇನ್ನೊಂದು ರಾಜಕಾಲುವೆಯನ್ನೋ ಪುನಶ್ಚೇತನಗೊಳಿಸುವ ಟೆಂಡರ್ ಇನ್ನು ಮುಂದೆ ಕರೆದರೆ, ಕಲ್ಲುಹಾಸಿನ ಚದರ ಮೀಟರಿನ ಜೊತೆಗೆ ಡಿ ವರ್ಗದ ಮೂರು ಷರತ್ತುಗಳನ್ನೂ ಅದರಲ್ಲಿ ಬರೆಯಲಿ. ಅಳತೆ ಬೆಳಗಿನ ಜಾವ ಐದು ಗಂಟೆಗೆ ಒಮ್ಮೆ, ಮಧ್ಯಾಹ್ನ ಮೂರಕ್ಕೆ ಇನ್ನೊಮ್ಮೆ. ಎರಡು ಮಳೆಗಾಲ ಈ ಅಂಕಿಗಳು ನಿಲ್ಲುವವರೆಗೆ ಗುತ್ತಿಗೆದಾರನ ಕೊನೆಯ ಕಂತಿನ ಬಿಲ್ ಪಾಸಾಗಬಾರದು. ಕೊಳಚೆ ತಡೆಯುವ ಹೊಣೆ ಜಲಮಂಡಳಿಯದ್ದಾದರೆ ಅದೂ ಆ ಕರಾರಿಗೆ ಸಹಿ ಹಾಕಲಿ.